ಪದಚರ್ಚೆ: 2100ಕ್ಕೆ ಕಡಲು ‘ಏರಲಿದೆ’ಯೋ, ‘ಏರೀತು’ ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ. ಕಡಲ ಮಟ್ಟದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ, ಪ್ರೊಜೆಕ್ಷನ್ (ಹೀಗಾದರೆ ಮುಂದೆ ಎಷ್ಟಾಗಬಹುದು ಅನ್ನೋ ಲೆಕ್ಕ) ಅನ್ನೋ ಪದ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತಿದೆ. ನೀವು ಏನು ಬರೆಯುತ್ತೀರಿ?

ಸುಲಭಕ್ಕೆ ಸಿಗುವುದು ‘ಮುನ್ಸೂಚನೆ’. ನಾಳೆ ಮಳೆ ಬರುತ್ತಾ ಅನ್ನೋದಕ್ಕೆ ಅದು ಸರಿ. ಇವತ್ತಿನ ಗಾಳಿ, ಮೋಡ, ಒತ್ತಡ ನೋಡಿ ನಾಳೆಯದನ್ನು ಹೇಳುತ್ತಾರೆ. 2100ರ ಕಡಲಿನ ಲೆಕ್ಕ ಹಾಗಲ್ಲ. ಅದರ ಹಿಂದೆ ಒಂದು ‘ರೆ’ ಕೂತಿರುತ್ತದೆ. ಹವಾಗುಣ ಬದಲಾವಣೆ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ ಐಪಿಸಿಸಿಯ 2021ರ ವರದಿಯನ್ನೇ ನೋಡಿ: ಇಂಗಾಲದ ಹೊಗೆಯನ್ನು ಬೇಗ ಬೇಗ ತಗ್ಗಿಸಿದರೆ 28ರಿಂದ 55 ಸೆಂಟಿಮೀಟರ್, ಅದು ಏರುತ್ತಲೇ ಹೋದರೆ 63 ಸೆಂಟಿಮೀಟರಿನಿಂದ 1.01 ಮೀಟರ್ (1995–2014ರ ಸರಾಸರಿ ಮಟ್ಟದಿಂದ ಅಳೆದದ್ದು). ಎರಡರಲ್ಲಿ ಯಾವುದು ಆಗುತ್ತದೆ ಅಂತ ಈ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಹೇಳುವುದೇ ಇಲ್ಲ, ಅದು ನಮ್ಮ ಕೈಲಿರೋದು.

ಅನುಮಾನವೂ ಎಲ್ಲ ಕಡೆ ಒಂದೇ ಸಮ ಇಲ್ಲ. ನೀರು ಬಿಸಿಯಾಗಿ ಹಿಗ್ಗುವುದನ್ನು ಹವಾಗುಣದ ಮಾಡೆಲ್‌ಗಳು ಚೆನ್ನಾಗಿಯೇ ಲೆಕ್ಕ ಹಾಕುತ್ತವೆ. ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದ ಹಿಮ ಎಷ್ಟು ಬೇಗ ಕುಸಿದು ಕಡಲು ಸೇರುತ್ತದೆ ಅನ್ನೋದಕ್ಕೆ ಹೆಚ್ಚಾಗಿ ಬೇರೆಯೇ ಮಾಡೆಲ್ ಓಡಿಸಬೇಕು, ತೊಡಕಿರೋದು ಅಲ್ಲೇ. ಹಾಗಾಗಿ ಹೊಗೆ ತುಂಬಾ ಜಾಸ್ತಿಯಾದರೆ ಏರಿಕೆ 2 ಮೀಟರ್ ಹತ್ತಿರ ಹೋಗುವುದನ್ನೂ ಆ ವರದಿ ತಳ್ಳಿಹಾಕಿಲ್ಲ.

ಈಗ ಪದಕ್ಕೆ ಬರೋಣ. ‘ಪ್ರಕ್ಷೇಪಣ’ ಅಂತ ಒಂದಿದೆ. ನನಗೆ ಒಗ್ಗಲಿಲ್ಲ. ಕ್ಷಿಪಣಿಯ ನಂಟು ಅದಕ್ಕೆ, ಏನೋ ಎಸೆದ ಹಾಗೆ ಕೇಳುತ್ತದೆ. ಹಳಗನ್ನಡ ಓದಿದವರಿಗಂತೂ ‘ಪ್ರಕ್ಷಿಪ್ತ’ ಅಂದರೆ ಯಾರೋ ಆಮೇಲೆ ತುರುಕಿದ ಪದ್ಯ! ‘ಅಂದಾಜು’ ಚೆನ್ನಾಗಿದೆ, ಎಲ್ಲರಿಗೂ ಗೊತ್ತು. ಆದರೆ ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ ಅಂದಾಜೇ ಅಲ್ವಾ?

ಅಸಲು ತೊಂದರೆ ಇರೋದು ಕ್ರಿಯಾಪದದಲ್ಲಿ ಅನ್ನಿಸುತ್ತಿದೆ. “2100ರ ಹೊತ್ತಿಗೆ ಸಮುದ್ರ ಮಟ್ಟ ಒಂದು ಮೀಟರ್ ಏರಲಿದೆ” ಅಂತ ಬರೆದರೆ, ರೈಲು ಹತ್ತು ಗಂಟೆಗೆ ಹೊರಡಲಿದೆ ಅಂದ ಹಾಗೆ, ಎಲ್ಲ ಮುಗಿದುಹೋಯಿತು. ‘ರೆ’ಗೆ ಜಾಗವೇ ಇಲ್ಲ. ನಮ್ಮಲ್ಲಿ ಸಂಭಾವನಾರ್ಥ ಅಂತ ಒಂದು ರೂಪ ಇದೆ, ಶಾಲೆಯ ವ್ಯಾಕರಣದಲ್ಲಿ ಓದಿ ಮರೆತದ್ದು: ಬಂದೀತು, ಆದೀತು, ಏರೀತು. “ಹೊಗೆ ಹೀಗೇ ಹೆಚ್ಚುತ್ತಾ ಹೋದರೆ 63 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೂ ಏರೀತು.” ನಾನು ಹೇಳಬೇಕಿದ್ದ ಅರ್ಥ ಅಷ್ಟೂ ಇದರಲ್ಲಿ ಬಂತು.

ಆದರೆ ಎರಡು ಅಡ್ಡಿ. “ಬಿದ್ದೀಯ, ಜೋಕೆ” ಅನ್ನುವಾಗಿನ ಹೆದರಿಕೆ ‘ಏರೀತು’ವಿನಲ್ಲೂ ಕೇಳುತ್ತದಾ? ಮಂಗಳೂರು, ಉಡುಪಿ, ಕಾರವಾರ ಕಡೆಯವರು ಹೇಳಿದರೆ ಒಳ್ಳೇದು, ಊರಿಂದ ಊರಿಗೆ ಈ ರೂಪದ ಧ್ವನಿ ಬೇರೆ ಇರಬಹುದು. ಇನ್ನೊಂದು, ಕೋಷ್ಟಕದ ತಲೆಬರಹದಲ್ಲಿ ಕ್ರಿಯಾಪದ ಕೂರಿಸೋಕಾಗಲ್ಲ, ಅಲ್ಲಿಗೆ ನಾಮಪದವೇ ಬೇಕು. ‘ಷರತ್ತಿನ ಅಂದಾಜು’ ಅಂತ ಬರೆದು ನೋಡಿದೆ, ಸಾಲದ ಕಾಗದದ ಹಾಗೆ ಕಂಡಿತು. ಸದ್ಯಕ್ಕೆ ‘ಹೀಗಾದರೆ ಎಷ್ಟು ಏರಿಕೆ’ ಅಂತ ಬರೆದು ಇಟ್ಟಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.