ಮೇಲಿನ ಮಂಚ ಯಾರಿಗೆ?

ಸುಬ್ಬುವಿನ ಕಂಪನಿ ಅವನನ್ನು ಮೂರು ತಿಂಗಳ ಮಟ್ಟಿಗೆ ಫ್ರಾಂಕ್‌ಫರ್ಟ್‌ಗೆ ಕಳಿಸುತ್ತಿದೆ. ದಸರಾ ರಜೆಗೆ ಮಾಲತಿಯೂ ಇಬ್ಬರು ಮಕ್ಕಳೂ ಹೋಗಿ ಸೇರಿಕೊಳ್ಳುವುದು ಅಂತ ತೀರ್ಮಾನ. (ಮೈಸೂರಿನವರು ದಸರಾಕ್ಕೆ ಊರು ಬಿಡುತ್ತಾರಾ ಅಂತ ಕೇಳಬೇಡಿ. ನೆಂಟರ ಪಟ್ಟಿ ನೋಡಿದವರು ಕೇಳುವುದಿಲ್ಲ.) ಅಂದಿನಿಂದ ಸುಬ್ಬುವಿಗೆ ಒಂದೇ ಕಸುಬು: ಫೋನಿನಲ್ಲಿ ಹೋಟೆಲ್ ರೇಟು ನೋಡುವುದು, ಯೂರೋವನ್ನು ನೂರರಿಂದ ಗುಣಿಸುವುದು, ಫೋನನ್ನು ಬೋರಲು ಹಾಕಿ ಉಸ್ಸಪ್ಪಾ ಅನ್ನುವುದು.

ಹೋದ ಭಾನುವಾರ ಸಂಜೆ ನಾಣಿಯ ಮನೆಯ ಜಗಲಿಯಲ್ಲಿ ಸೇರಿದ್ದೆವು. ಹೊರಗೆ ಮಳೆ, ಒಳಗೆ ವೀಣಾಳ ಮೆಣಸಿನಕಾಯಿ ಬಜ್ಜಿ. ಮಕ್ಕಳೆಲ್ಲ ಮಹಡಿಯಲ್ಲಿ ಏನನ್ನೋ ಎಳೆದಾಡುತ್ತಿದ್ದರು.

"ನಾಲ್ಕು ಜನಕ್ಕೆ ಎರಡು ರೂಮ್ ತಗೋಬೇಕಂತೆ ಕಣೋ. ಡಬಲ್ ರೂಮ್ ಅಂದ್ರೆ ಇಬ್ಬರೇ ಅಂತೆ!" ಅಂದ ಸುಬ್ಬು.

"ಮತ್ತೆ ಡಬಲ್ ಅಂದ್ರೆ ಎಷ್ಟು ಅಂದ್ಕೊಂಡಿದ್ದೆ?"

"ನಮ್ಮ ತಂಗಿ ಮದುವೆ ಲಾಡ್ಜಿನ ಲೆಕ್ಕದಲ್ಲಿ ಒಂಬತ್ತು."

ವೀಣಾ ಒಳಗಿಂದಲೇ ಕೂಗಿದಳು. "ಯೂತ್ ಹಾಸ್ಟೆಲ್‌ಗೆ ಹೋಗ್ರೋ. ಪ್ರವಾಸ ಹೋದೋರಿಗೆ ಕಮ್ಮಿ ದುಡ್ಡಲ್ಲಿ ಉಳ್ಕೊಳ್ಳೋ ಜಾಗ ಅದು. ಜರ್ಮನೀಲಿದ್ದ ಎರಡು ವರ್ಷ ಸುತ್ತಾಡಕ್ಕೆ ಹೋದಾಗೆಲ್ಲ ನಾವು ಉಳ್ಕೊಂಡಿದ್ದು ಅದರಲ್ಲೇ."

ಸುಬ್ಬುವಿನ ಕೈ ತಾನಾಗಿ ನೆತ್ತಿಗೆ ಹೋಯಿತು. ನೆತ್ತಿಯಲ್ಲಿ ಹಿಡಿಯುವುದಕ್ಕೆ ಏನೂ ಸಿಗಲಿಲ್ಲ. "ಯೂತಾ? ನನ್ನ ಒಳಗೆ ಬಿಡ್ತಾರಾ?"

"ಮಕ್ಕಳಿದ್ದಾರಲ್ಲ, ಬಿಡ್ತಾರೆ," ಅಂದ ನಾಣಿ. ಇಂಥ ಪ್ರಶ್ನೆಗೇ ಕಾದಿದ್ದವನ ಹಾಗೆ ಕಾಲು ಮಡಿಸಿ ಕೂತ. "ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಬಹಳ ವರ್ಷ ಒಂದು ಕಾನೂನಿತ್ತು. 26 ದಾಟಿದವರಿಗೆ ಯೂತ್ ಹಾಸ್ಟೆಲ್ಲಿನಲ್ಲಿ ಜಾಗ ಇಲ್ಲ. ಆದ್ರೆ ಜೊತೇಲಿ ಮಕ್ಕಳಿದ್ರೆ ಅಪ್ಪ ಅಮ್ಮನಿಗೆ ಎಷ್ಟು ವಯಸ್ಸಾಗಿದ್ರೂ ಪ್ರವೇಶ ಉಂಟು. ಈಗ ಆ ಕಾನೂನು ತೆಗೆದಿದ್ದಾರೆ."

"ತಿರುಪತೀಲಿ ವರ್ಷದೊಳಗಿನ ಕೂಸಿದ್ರೆ ಬೇರೆ ಸಾಲು ಇರತ್ತಲ್ಲ, ಹಂಗೆ," ಅಂದಳು ಮಾಲತಿ.

"ಹಂಗೇ. ಅದೇ ಬವೇರಿಯಾದ ನ್ಯೂರೆಂಬರ್ಗ್‌ನಲ್ಲಿ ಹಾಸ್ಟೆಲ್ ಇರೋದು ಹಳೇ ಚಕ್ರವರ್ತಿಗಳ ಕುದುರೆ ಲಾಯದಲ್ಲಿ. ಆಗ ನಮ್ಮಂಥವರು ಆ ಲಾಯಕ್ಕೆ ನುಗ್ಗಬೇಕಾದ್ರೂ ಒಂದು ಮಗು ಬೇಕಿತ್ತು."

ನಾಣಿಗೆ ಒಂದು ಚಾಳಿ. ಕಾಫಿ ಕೇಳಿದರೆ ಬಾಬಾ ಬುಡನ್‌ನಿಂದ ಶುರು ಮಾಡುತ್ತಾನೆ. ಹಾಸ್ಟೆಲ್ಲನ್ನೂ ಹಾಗೇ ಬುಡದಿಂದ ಹಿಡಿದುಕೊಂಡ. ಜರ್ಮನಿಯ ಆಲ್ಟೆನಾ ಅನ್ನೋ ಊರು, ರಿಚರ್ಡ್ ಶಿರ್‌ಮನ್ ಅನ್ನೋ ಮೇಷ್ಟ್ರು. ಮಕ್ಕಳನ್ನು ಕರಕೊಂಡು ದಿನಗಟ್ಟಲೆ ನಡೆಯುವ ಹುಚ್ಚು ಆತನಿಗೆ. 1909ರ ಆಗಸ್ಟ್ 26ರಂದು ದಾರಿಯಲ್ಲಿ ಗುಡುಗು ಮಳೆ ಹಿಡಿದುಕೊಂಡಿತು. ರಜೆಯಲ್ಲಿ ಖಾಲಿ ಬಿದ್ದಿದ್ದ ಒಂದು ಹಳ್ಳಿ ಶಾಲೆಯೊಳಗೆ ಮಕ್ಕಳನ್ನು ಸೇರಿಸಿ, ಹುಲ್ಲು ಹಾಸಿ ಮಲಗಿಸಿದರು. ಮಕ್ಕಳು ಗೊರಕೆ ಹೊಡೆದರು, ಮೇಷ್ಟ್ರಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಊರೂರಿನ ಶಾಲೆಗಳು ಸುಮ್ಮನೆ ಬೀಗ ಹಾಕಿಕೊಂಡಿರುತ್ತವಲ್ಲ, ಒಂದೊಂದು ದಿನದ ನಡಿಗೆಗೆ ಒಂದೊಂದು ತಂಗುದಾಣ ಮಾಡಿದರೆ ಹೇಗೆ ಅಂತ ಯೋಚನೆ ಹತ್ತಿತು. ಕೆಲವೇ ವರ್ಷಗಳಲ್ಲಿ ಆಲ್ಟೆನಾದ ಕೋಟೆಯೊಳಗೇ ಹಾಸ್ಟೆಲ್ ಆಯಿತು. ಆಗಿನ ಮರದ ಮಂಚಗಳನ್ನು ಅಲ್ಲಿ ಈಗಲೂ ನೋಡಬಹುದು.

ಮಾಲತಿ ಪ್ರೈಮರಿ ಶಾಲೆ ಟೀಚರು. ಬಜ್ಜಿ ಕೈಯಲ್ಲೇ ಉಳಿಯಿತು. "ಮಳೆ ಬಂದ್ರೆ ನಾವು ಮಕ್ಕಳನ್ನ ಮನೆಗೆ ಕಳಿಸಿ ರಜೆ ತಗೋತೀವಿ. ಈ ಯಪ್ಪ ರಜೆಯಲ್ಲೇ ಮಕ್ಕಳನ್ನ ಕರ್ಕೊಂಡು ಮಳೇಲಿ ತಿರುಗಿದಾನಲ್ರಿ! ಅವನ ಹೆಂಡತಿ ಏನಂದ್ಲಂತೆ?"

ಅದನ್ನು ನಾಣಿ ಓದಿರಲಿಲ್ಲ.

ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಶಾಲಾ ಪ್ರವಾಸದಲ್ಲಿ ಬೇಲೂರಿನ ಒಂದು ಶಾಲೆಯ ಕೊಠಡಿಯಲ್ಲಿ ಬೆಂಚು ಬದಿಗೊತ್ತಿ, ಜಮಖಾನ ಹಾಸಿ ನಲವತ್ತು ಜನ ಮಲಗಿದವರು ನಾವು. "ಇದು ನಮ್ಮ ಛತ್ರ ಕಣೋ. ಮಂಚ ಒಂದರ ಮೇಲೊಂದು ಇದೆ, ಅಷ್ಟೇ ವ್ಯತ್ಯಾಸ," ಅಂದೆ.

"ಛತ್ರದಲ್ಲಿ ನೀನು ಹಾಸಿಗೆ ಮಡಚಿದ್ದೀಯಾ?" ವೀಣಾ ಕಾಫಿ ತಟ್ಟೆ ಹಿಡಿದು ಬಂದಳು. "ಬೆಳಿಗ್ಗೆ ಎದ್ದು ತಟ್ಟೆ ತೊಳೆದಿದ್ದೀಯಾ? ಟೇಬಲ್ ಒರೆಸಿದ್ದೀಯಾ? ಹಾಸ್ಟೆಲ್ಲಿನಲ್ಲಿ ಗಂಡಸರಿಗೆ ಯಾರೂ ಹಾಸಿಕೊಡಲ್ಲ. ಮೊದಲನೇ ಸಲದ ಕಥೆ ನಾನು ಹೇಳ್ತೀನಿ, ಇವರು ಹೇಳಿದ್ರೆ ಮುಖ್ಯವಾದ್ದು ಬಿಟ್ಟುಬಿಡ್ತಾರೆ."

ಮೊದಲನೇ ಸಲ ಅವರು ಹೋದದ್ದು ಬಾಖಾರಾಖ್‌ಗೆ. ರೈನ್ ನದಿ ದಂಡೆಯ ಪುಟ್ಟ ಊರು, ಸುತ್ತ ದ್ರಾಕ್ಷಿ ತೋಟ, ನೆತ್ತಿಯ ಮೇಲೆ ಸ್ಟಾಲೆಕ್ ಅನ್ನೋ ಕೋಟೆ. ಆ ಕೋಟೆಯೇ ಯೂತ್ ಹಾಸ್ಟೆಲ್. 1689ರಲ್ಲಿ ಫ್ರೆಂಚ್ ಸೈನ್ಯ ಸಿಡಿಸಿ ಹಾಳು ಮಾಡಿದ್ದನ್ನು 20ನೇ ಶತಮಾನದಲ್ಲಿ ಹಾಸ್ಟೆಲ್ ಮಾಡುವುದಕ್ಕೆಂದೇ ಮತ್ತೆ ಕಟ್ಟಿದ್ದಾರೆ. ಕಂದಕದಲ್ಲಿ ನೀರೂ ಇದೆ. ಆಗ ಅವರ ಮಗಳಿಗೆ ಏಳು, ಮಗನಿಗೆ ಮೂರು.

"ಊರಿಂದ ಮೇಲಕ್ಕೆ ಮೆಟ್ಟಿಲ ದಾರಿ. ಸುಮಾರು ಇಪ್ಪತ್ತು ನಿಮಿಷ ಅಂತಾರೆ. ಅದು ಬೆನ್ನಿಗೆ ಒಂದು ಚೀಲ ಹಾಕ್ಕೊಂಡ ಹುಡುಗರ ಲೆಕ್ಕ. ನಮ್ಮ ಹತ್ರ ಎರಡು ಸೂಟ್‌ಕೇಸ್, ಒಂದು ರೈಸ್ ಕುಕ್ಕರ್, ಒಂದು ತಳ್ಳೋ ಗಾಡಿ. ಗಾಡಿಯೊಳಗೆ ಮಗ."

"ಗಾಡಿಯೊಳಗೆ ಕುಕ್ಕರ್," ತಿದ್ದಿದ ನಾಣಿ. "ಮಗ ನನ್ನ ಹೆಗಲ ಮೇಲೆ."

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಅರಿಶಿನ ಕುಂಕುಮ ಹಚ್ಚುವವರಿಗಾದರೂ ಪುಣ್ಯ ಇದೆ. ಇವರಿಗೆ ಮೇಲೆ ಕಾದಿದ್ದದ್ದು ಖಾಲಿ ಊಟದ ಮನೆ. ಜರ್ಮನಿಯ ಹಾಸ್ಟೆಲ್ಲುಗಳಲ್ಲಿ ರಾತ್ರಿ ಊಟ ಸಂಜೆ ಆರಕ್ಕೆಲ್ಲ ಶುರು. ಇವರು ಮುಟ್ಟಿದ್ದು ಎಂಟಕ್ಕೆ. ಎಂಟು ಗಂಟೆ ಅಂದರೆ ನಮ್ಮಲ್ಲಿ ಇನ್ನೂ ಅಕ್ಕಿ ತೊಳೆಯುವ ಹೊತ್ತು. ತಪ್ಪು ಇವರದೇ, ಕಾಗದದಲ್ಲಿ ಬರೆದಿತ್ತು. ವೀಣಾಳ ಪುಳಿಯೋಗರೆ ಗೊಜ್ಜು ಇಲ್ಲದಿದ್ದರೆ ಅವತ್ತು ಕೋಟೆಗೆ ಇನ್ನೊಂದು ಸಲ ಮುತ್ತಿಗೆಯಾಗುತ್ತಿತ್ತು.

"ಆಮೇಲೆ ರೂಮು. ಎರಡು ಜೋಡಿ ಅಟ್ಟದ ಮಂಚ. ಆರು ವರ್ಷ ತುಂಬದವರಿಗೆ ಮೇಲಿನದು ಬೇಡ. ಮಗಳು ಒಂದೇ ನೆಗೆತಕ್ಕೆ ಮೇಲೆ. ಮಗ ನೆಲಕ್ಕೆ ಬಿದ್ದು ಹೊರಳಾಡ್ದ, ನಂಗೂ ಮೇಲಿಂದೇ ಬೇಕು ಅಂತ. ಇನ್ನೊಂದು ಮೇಲಿನದ್ದಕ್ಕೆ ಯಾರು ಹೋಗ್ಬೇಕು? ಇವರು ಹೋದ್ರು. ಕೆಳಗೆ ಮಲಗಿದೋಳು ನಾನು."

"ಅದಕ್ಕೇನಾಯ್ತು?" ನಾಣಿ ಹೊಟ್ಟೆ ಒಳಗೆಳೆದುಕೊಂಡು ಕೇಳಿದ.

"ಏನೂ ಆಗ್ಲಿಲ್ಲ. ಇಡೀ ರಾತ್ರಿ ಏನೂ ಆಗ್ದೇ ಇರ್ಲಿ ಅಂತ ಮೇಲಿನ ಹಲಗೇನೇ ನೋಡ್ತಾ ಇದ್ದೆ."

ಮಲಗುವ ಮುಂಚೆ ಒಂದು ಘಟ್ಟ ಇತ್ತಂತೆ. ಒಗೆದು ಮಡಚಿದ ಬಟ್ಟೆಯ ಕಟ್ಟು ಕೈಗೆ ಕೊಡುತ್ತಾರೆ. ಹಾಸುವುದು, ದಿಂಬಿಗೆ, ರಜಾಯಿಗೆ ಗವಸು ತೊಡಿಸುವುದು ನಮ್ಮ ಕೆಲಸ. ಹೊರಡುವ ದಿನ ಬಿಚ್ಚಿ ತಂದು ಒಪ್ಪಿಸಬೇಕು. ನಾಣಿ ದಾವಣಗೆರೆಯಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿದ್ದು, ನಾಲ್ಕು ವರ್ಷವೂ ಒಂದೇ ಬೆಡ್‌ಶೀಟಿನ ಎರಡು ಮುಖಗಳನ್ನು ಬಳಸಿದವನು. ರಜಾಯಿಯನ್ನು ಗವಸಿನ ಬಾಯಿಂದ ತುರುಕಿದ, ತುರುಕಿದ, ಅದು ಒಂದು ಮೂಲೆಗೆ ಹೋಗಿ ಮುದುಡಿಕೊಂಡು ಕಡುಬಾಯಿತು. ಮಿಕ್ಕ ಗವಸು ಕಡುಬಿನ ಎಲೆಯ ಹಾಗೆ ಜೋತಾಡಿತು. ಬಾಗಿಲು ತೆರೆದೇ ಇತ್ತು. ಕಾರಿಡಾರಿನಲ್ಲಿ ಯಾವುದೋ ಶಾಲೆಯ ಮಕ್ಕಳು, ಮೇಷ್ಟ್ರ ಜೊತೆ ಪ್ರವಾಸ ಬಂದವರು. ಹತ್ತು ವರ್ಷದ ಒಬ್ಬ ಹುಡುಗಿ ಒಳಗೆ ಬಂದು, ಗವಸನ್ನು ಒಳಮೈ ಹೊರಮೈ ಮಾಡಿ, ಎರಡು ಕೈ ಒಳಗಿಟ್ಟು, ರಜಾಯಿಯ ಎರಡು ಕಿವಿ ಹಿಡಿದು ಒಮ್ಮೆ ಝಾಡಿಸಿದಳು. ಆಯಿತು. ಹೋಗುವಾಗ ನಾಣಿಯ ಬೆನ್ನು ತಟ್ಟಿ ಹೋದಳು.

"ಬೆನ್ನು ತಟ್ಟಲಿಲ್ಲ," ಅಂದ ನಾಣಿ.

"ತಟ್ಟಿದ್ಲು."

ಅದಕ್ಕಿಂತ ಮಜಾ ಅಂದರೆ, ಹತ್ತು ಗಂಟೆಗೆ ಸದ್ದಡಗಬೇಕು ಅನ್ನೋದು ಹಾಸ್ಟೆಲ್ ನಿಯಮ. ಆ ಮೂವತ್ತು ಮಕ್ಕಳೂ ಹತ್ತಕ್ಕೆ ಸರಿಯಾಗಿ ತಣ್ಣಗಾದರು. ಇಡೀ ಕೋಟೆಯಲ್ಲಿ ಎಚ್ಚರ ಇದ್ದದ್ದು ಒಂದೇ ಸಂಸಾರ. ರೈನ್ ನದಿಯ ಎರಡೂ ದಂಡೆಯಲ್ಲಿ ರೈಲು ಹಳಿ, ರಾತ್ರಿಯಿಡೀ ಗೂಡ್ಸ್ ಗಾಡಿ. ಮಗ ಕಿಟಕಿಯಲ್ಲಿ ನಿಂತು "ಗೂಡ್ಸೂ!" ಅಂತ ಒಂದೊಂದಕ್ಕೂ ಘೋಷಣೆ ಕೂಗಿದ. ಹತ್ತೂವರೆಗೆ ಬಾಗಿಲು ಬಡಿದ ಸದ್ದು. ಆ ಮಕ್ಕಳ ಮೇಷ್ಟ್ರು. "ದಯವಿಟ್ಟು ಸ್ವಲ್ಪ ಮೆಲ್ಲಗೆ, ನಮ್ಮ ಮಕ್ಕಳು ಮಲಗಿದ್ದಾರೆ," ಅಂದು ಹೋದರು.

ಮಾಲತಿ ಆ ಮೇಷ್ಟ್ರಿಗೆ ಮನಸ್ಸಿನಲ್ಲೇ ಕೈ ಮುಗಿದಳು ಅಂತ ಕಾಣುತ್ತದೆ.

"ಇನ್ನೊಂದು ಕೇಳು," ಅಂದ ನಾಣಿ. "ಅಲ್ಲಿ ವಾರ್ಡನ್‌ಗಳಿಗೆ ಹಳೇ ಹೆಸರೇ ಹಾಸ್ಟೆಲ್ ಅಪ್ಪ, ಹಾಸ್ಟೆಲ್ ಅಮ್ಮ ಅಂತ. ಜರ್ಮನ್ ಭಾಷೆಯಲ್ಲಿ ಹಾಗೇ ಅನ್ನೋದು. ಬೆಳಿಗ್ಗೆ ತಿಂಡಿ ಆದ್ಮೇಲೆ ನನ್ನ ಮಗಳು ಕೇಳಿದ್ಲು, 'ಅಪ್ಪ, ಅವರು ನಿಂಗೂ ಅಪ್ಪಾನಾ?' ಅಂತ. ಕೈಯಲ್ಲಿ ಟೇಬಲ್ ಒರೆಸೋ ಬಟ್ಟೆ ಹಿಡ್ಕೊಂಡು ನಿಂತಿದ್ದೆ. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

ನನಗೆ ಅನ್ನಿಸುವುದು ಇದೇ. ಹೋಟೆಲಿನಲ್ಲಿ ಮಕ್ಕಳಿಗೆ ಶ್ ಶ್ ಅನ್ನುತ್ತಾ ಇರಬೇಕು, ಓಡಬೇಡ, ಮುಟ್ಟಬೇಡ, ಲಿಫ್ಟ್ ಗುಂಡಿ ಒತ್ತಬೇಡ. ಯೂತ್ ಹಾಸ್ಟೆಲ್ಲಿನಲ್ಲಿ ಮಕ್ಕಳೇ ಯಜಮಾನರು. ಟೇಬಲ್ ಟೆನಿಸ್ ಇದೆ, ಅಂಗಳ ಇದೆ, ಗುರುತಿಲ್ಲದ ಇಪ್ಪತ್ತು ಮಕ್ಕಳು ಹತ್ತು ನಿಮಿಷದಲ್ಲಿ ಸ್ನೇಹಿತರಾಗುತ್ತಾರೆ, ಭಾಷೆ ಯಾರಿಗೆ ಬೇಕು. ಬಾಲ ಮುದುರಿಕೊಂಡು ಹೇಳಿದ ಹಾಗೆ ಕೇಳುವವರು ಅಪ್ಪಂದಿರು.

"ತಿಂಡಿಗೇನು ಕೊಡ್ತಾರೆ?" ಸುಬ್ಬು ಮುಖ್ಯ ವಿಷಯಕ್ಕೆ ಬಂದ.

ಬ್ರೆಡ್ಡು, ಚೀಸು, ಜಾಮು, ಮ್ಯೂಸ್ಲಿ. ಸಸ್ಯಾಹಾರಿಗಳಿಗೂ ಪರವಾಗಿಲ್ಲ, ಬುಕ್ ಮಾಡುವಾಗಲೇ ಹೇಳಬೇಕು. ದೊಡ್ಡ ಫ್ಲಾಸ್ಕಿನಲ್ಲಿ ಟೀ ಅಂತ ಇಟ್ಟಿರುತ್ತಾರೆ. ನಾಣಿ ಆಸೆಯಿಂದ ಬಗ್ಗಿಸಿದ, ಕೆಂಪಗೆ ಬಂತು. ಕಾಡುಗುಲಾಬಿ ಕಾಯಿಯ ಕಷಾಯ. ಆ ದೇಶದ ಹಾಸ್ಟೆಲ್ಲುಗಳಲ್ಲಿ ತಲೆಮಾರುಗಳು ಅದನ್ನೇ ಕುಡಿದು ಬೆಳೆದಿವೆ. ಮಂಗಳೂರಿನ ವೀಣಾ ಒಂದು ಗುಟುಕು ಕುಡಿದು "ಅಯ್ಯೋ, ಪುನರ್ಪುಳಿ!" ಅಂದಳಂತೆ. ಉಪ್ಪು ಸಿಗುತ್ತದಾ ಅಂತ ಹುಡುಕಿದಳು. ಇಂಗೂ ಒಗ್ಗರಣೆಯೂ ಇದ್ದಿದ್ದರೆ ಸಾರು ತಯಾರು.

ಈ ಮಾತಿಗೆ ನನಗೆ ಕಾಲೇಜಿನ ದಿನಗಳ ಬೋರ್ನ್‌ವಿಟಾ ನೆನಪಾಯಿತು. ನಮ್ಮ ದೇಶದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಜೊತೆ ಕುಲು ಕಡೆ ಚಾರಣ ಹೋದವರಿಗೆಲ್ಲ ಗೊತ್ತು, ರಾತ್ರಿ ಮಲಗುವ ಮುಂಚೆ ಸಾಲಲ್ಲಿ ನಿಂತು ಲೋಟಕ್ಕೆ ಬಿಸಿ ಬೋರ್ನ್‌ವಿಟಾ ಹಾಕಿಸಿಕೊಳ್ಳುವುದು. ತಟ್ಟೆ ಲೋಟ ನಾವೇ ತೊಳೆಯಬೇಕು, ನೀರು ಮಂಜಿನಿಂದಲೇ ನೇರ ಬಂದದ್ದು, ಬೆರಳು ಇದೆಯಾ ಅಂತ ಎಣಿಸಿ ನೋಡಿಕೊಳ್ಳಬೇಕು. ಮನೆಯಲ್ಲಿ ಅಮ್ಮ ಕೊಟ್ಟರೆ ಚೆಲ್ಲುತ್ತಿದ್ದ ಬೋರ್ನ್‌ವಿಟಾಕ್ಕೆ ಅಲ್ಲಿ ಎರಡನೇ ಸಲ ಸಾಲಿಗೆ ನಿಂತಿದ್ದೇನೆ. ಅವರು ಸಂಸಾರಸ್ಥರಿಗೆಂದೇ ಫ್ಯಾಮಿಲಿ ಕ್ಯಾಂಪುಗಳನ್ನೂ ಮಾಡುತ್ತಾರೆ. ಟೆಂಟಿನಲ್ಲಿ ಮೇಲಿನ ಮಂಚ ಇಲ್ಲ, ಜಗಳವೂ ಇಲ್ಲ.

"ಅಡುಗೆ ಮಾಡ್ಕೊಳಕ್ಕೆ ಬಿಡಲ್ವಾ?" ಮಾಲತಿಯ ಪ್ರಶ್ನೆ.

"ಜರ್ಮನೀಲಿ ಬಹುಪಾಲು ಅವರೇ ಬಡಿಸೋದು. ಇಂಗ್ಲೆಂಡಿನಲ್ಲಾದ್ರೆ ಎಷ್ಟೋ ಹಾಸ್ಟೆಲ್‌ಗಳಲ್ಲಿ ಅಡುಗೆಮನೆ ಬಿಟ್ಕೊಡ್ತಾರೆ," ಅಂದಳು ವೀಣಾ. ಧ್ವನಿ ಒಂದು ಸುತ್ತು ತಗ್ಗಿತು, ಅಂದರೆ ಒಳ್ಳೆ ಕಥೆ ಬರುತ್ತಿದೆ. "ವಿಂಡರ್‌ಮಿಯರ್ ಸರೋವರದ ದಂಡೇಲಿ, ಆಂಬಲ್‌ಸೈಡ್‌ನಲ್ಲಿ ಉಳ್ಕೊಂಡಿದ್ವಿ. ಮ್ಯಾಂಚೆಸ್ಟರ್‌ನಲ್ಲಿ ಅಣ್ಣನ ಮನೇಲಿ ದೋಸೆ ಹಿಟ್ಟು ರುಬ್ಬಿಸ್ಕೊಂಡು ಹೋಗಿದ್ದೆ. ಆ ಚಳಿಗೆ ಹುದುಗು ಬರ್ಬೇಕಲ್ಲ? ಅಲ್ಲಿ ಒಂದು ಒಣಗಿಸೋ ಕೋಣೆ ಇರತ್ತೆ. ಮಳೇಲಿ ನೆಂದು ಬಂದೋರು ಬೂಟು, ಕೋಟು, ಸಾಕ್ಸ್ ನೇತು ಹಾಕೋ ಜಾಗ. ಒಳ್ಳೇ ಬೆಚ್ಚಗೆ."

ಎಲ್ಲರೂ ಬಜ್ಜಿ ಕೆಳಗಿಟ್ಟೆವು.

"ಡಬ್ಬಿ ಮುಚ್ಚಳ ಗಟ್ಟಿ ಇತ್ತು ಕಣ್ರೀ! ಬೆಳಿಗ್ಗೆ ನೋಡಿದ್ರೆ ಮೈಸೂರಲ್ಲೂ ಹಂಗೆ ಉಬ್ಬಿರಲ್ಲ. ಅಡುಗೆಮನೇಲಿ ಎಂಬತ್ತರ ಹತ್ತಿರದ ಒಬ್ಬರು ತಾತ, ಒಂಟಿ ಚಾರಣಿಗ. ಅವರಿಗೂ ಒಂದು ಹಾಕಿಕೊಟ್ಟೆ. ಅವರ ಕಾಲದಲ್ಲಿ ಕಾರಿನಲ್ಲಿ ಬಂದೋರನ್ನ ಒಳಗೇ ಸೇರಿಸ್ತಿರಲಿಲ್ವಂತೆ. ನಡೆದು ಬರ್ಬೇಕು, ಇಲ್ಲಾ ಸೈಕಲ್. ಬೆಳಿಗ್ಗೆ ಹೊರಡೋ ಮುಂಚೆ ವಾರ್ಡನ್ ಒಂದು ಕೆಲಸ ಹಚ್ತಿದ್ರು, ಕಸ ಗುಡ್ಸೋದೋ, ಪಾತ್ರೆ ಉಜ್ಜೋದೋ. ಮುಗಿಸಿದ್ಮೇಲೇ ಸದಸ್ಯತ್ವದ ಕಾರ್ಡು ವಾಪಸ್ಸು."

"ತಾತ ದೋಸೆ ಹೆಂಗಿದೆ ಅಂದ್ರು?"

"ಒಂಥರಾ ಗುರುತಿನ ವಾಸನೆ ಇದೆ ಅಂದ್ರು."

ಈ ಹೊತ್ತಿಗೆ ಸುಬ್ಬು ಫೋನನ್ನು ಮತ್ತೆ ಮಗುಚಿದ್ದ. ನಾಲ್ಕು ಜನಕ್ಕೆ ಒಂದೇ ರೂಮು, ತಿಂಡಿ ಸೇರಿಸಿ, ಇಡೀ ಕುಟುಂಬಕ್ಕೆ ಒಂದೇ ಸದಸ್ಯತ್ವ. ನೂರರಿಂದ ಗುಣಿಸಿದ. ಉಸ್ಸಪ್ಪಾ ಅನ್ನಲಿಲ್ಲ. "ಮಾಲೂ, ಕೋಟೆ ಬುಕ್ ಮಾಡಲಾ?"

"ಮೊದಲು ಎಂಟ್ರೆನ್ಸ್ ಪರೀಕ್ಷೆ," ಅಂದಳು ಮಾಲತಿ. ವೀಣಾ ಆಗಲೇ ಒಳಗೆ ಹೋಗಿ ಜರ್ಮನಿಯಿಂದ ತಂದ ರಜಾಯಿಯನ್ನೂ ಅದರ ಗವಸನ್ನೂ ತಂದು ಜಗಲಿಯಲ್ಲಿ ಸುರಿದಳು. ಸದ್ದು ಕೇಳಿ ಮಕ್ಕಳೆಲ್ಲ ಮೆಟ್ಟಿಲಿಳಿದು ಬಂದು ಸಾಲಾಗಿ ಕೂತರು. ಮಹಡಿಯಲ್ಲಿ ಅವರು ಎಳೆದಾಡುತ್ತಿದ್ದದ್ದು ಏನು ಅಂತ ಆಗ ತಿಳಿಯಿತು: ಊಟದ ಮೇಜಿನ ಮೇಲೆ ಹಾಸಿಗೆ ಹತ್ತಿಸಿ ಮೇಲಿನ ಮಂಚ ಮಾಡಿಕೊಂಡಿದ್ದಾರೆ.

ಸುಬ್ಬು ತೋಳು ಮಡಚಿದ. "ಒಳಮೈ ಹೊರಮೈ, ಎರಡು ಕಿವಿ, ಒಂದು ಝಾಡು. ಇಷ್ಟೇ ತಾನೇ?" ಅಂದವನು ಗವಸಿನ ಬಾಯಿ ಅಗಲಿಸಿ ಮೂಲೆ ಹುಡುಕುತ್ತಾ ಬಗ್ಗಿದ. ಮೊದಲು ಕೈ ಹೋಯಿತು, ಆಮೇಲೆ ಬೋಳು ನೆತ್ತಿ, ಆಮೇಲೆ ಸೊಂಟದವರೆಗೂ ಸುಬ್ಬು. ರಜಾಯಿ ಮಾತ್ರ ಹೊರಗೇ ಇತ್ತು. ಅಷ್ಟರಲ್ಲಿ ಮಳೆಗೆ ಕರೆಂಟೂ ಹೋಯಿತು.

"ಅಪ್ಪಾ, ಹತ್ತು ಗಂಟೆ ಆಯ್ತು, ಗಲಾಟೆ ಮಾಡಬಾರ್ದು," ಅಂದಳು ಅವನ ಮಗಳು ಕತ್ತಲಲ್ಲಿ.

"ಲೇ ನಾಣಿ," ಗವಸಿನೊಳಗಿಂದ ದನಿ ಬಂತು, "ಇದರ ಬಾಗಿಲು ಯಾವ ಕಡೆಗಿತ್ತೋ?"