ಅತ್ತೆ ಕಳಿಸಿದ ವಿಡಿಯೊ: ಆರ್‌ಎಫ್‌ನಿಂದ ಕುತ್ತಿಗೆ ಬಿಗಿಯಾಗುತ್ತದೆಯೇ?

ಮೈಸೂರು ಅತ್ತೆ, ಬೆಳಗ್ಗೆ 7.10
(ಫಾರ್ವರ್ಡ್ ಆದ ವಿಡಿಯೊ: ‘ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಜೋತುಬಿದ್ದ ಕುತ್ತಿಗೆಗೆ ಆರ್‌ಎಫ್ (ರೇಡಿಯೊ ಫ್ರೀಕ್ವೆನ್ಸಿ) ಚಿಕಿತ್ಸೆ. ವೈಜ್ಞಾನಿಕವಾಗಿ ಸಾಬೀತಾಗಿದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದೆ. ಜೊತೆಗೊಬ್ಬರನ್ನು ಕರೆತಂದರೆ ಇಬ್ಬರಿಗೂ ರಿಯಾಯಿತಿ.’)
ಎಲ್ಲರೂ ನೋಡಿ. ಹದಿನಾಲ್ಕು ಕಿಲೊ ತೂಕ ಇಳಿಸಿದ ಮೇಲೆ ನನ್ನ ಗಲ್ಲದ ಕೆಳಗಿನ ಚರ್ಮ ಸಡಿಲವಾಗಿರುವುದು ನಿಮಗೆಲ್ಲ ಗೊತ್ತೇ ಇದೆ. ಮಗಳ ಮದುವೆಗೆ ಇನ್ನು ಆರು ವಾರ ಉಳಿದಿದೆ. ಅಮ್ಮನ ಅಡ್ಡಿಕೆಯನ್ನು ಅಂದು ಹಾಕಿಕೊಳ್ಳಬೇಕೆಂದಿದ್ದೇನೆ, ಆದರೆ ಕನ್ನಡಿಯ ಮುಂದೆ ಹಾಕಿ ನೋಡಿದರೆ ಚರ್ಮ ಅದರ ಮೇಲೆ ಮಡಿಕೆಯಾಗಿ ಕೂರುತ್ತದೆ. ಶುಕ್ರವಾರ ಹೋಗಿ ಮುಂಗಡ ಕಟ್ಟಿ ಬರುತ್ತೇನೆ.

ಬೆಂಗಳೂರು ಅತ್ತಿಗೆ, 7.31
ಧೈರ್ಯವಾಗಿ ಮಾಡಿಸಿಕೊಳ್ಳಿ ಅತ್ತೆ. ನಾನು ಎರಡು ವರ್ಷದ ಹಿಂದೆ ಮಾಡಿಸಿಕೊಂಡೆ. ದವಡೆಯ ಗೆರೆ ಸ್ವಲ್ಪ ಸ್ಪಷ್ಟವಾಯಿತು, ನನಗೆ ತೃಪ್ತಿಯಿದೆ.

ನಾನು, 7.48
ಅತ್ತೆ, ಹಣ ಕಟ್ಟುವುದಕ್ಕೆ ಮೊದಲು ಇದನ್ನು ದಯವಿಟ್ಟು ಪೂರ್ತಿ ಓದಿ. ಈ ಚಿಕಿತ್ಸೆ ಬರೀ ಮೋಸವೆಂದು ನಾನು ಹೇಳುತ್ತಿಲ್ಲ. ರೇಡಿಯೊ ಫ್ರೀಕ್ವೆನ್ಸಿ ವಿದ್ಯುತ್ತು ಚರ್ಮದೊಳಗೆ ಹರಿಯುವಾಗ ಅಂಗಾಂಶದ ಪ್ರತಿರೋಧದಿಂದ ಶಾಖ ಹುಟ್ಟುತ್ತದೆ. ಚರ್ಮಕ್ಕೆ ಬಿಗಿ ಕೊಡುವ ಒಳಪದರದ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಮ್ಮ ಹೆಣಿಗೆ ಕಳೆದುಕೊಂಡು ಕುಗ್ಗುತ್ತವೆ, ಆಮೇಲೆ ಗಾಯ ಮಾಯುವ ರೀತಿಯಲ್ಲೇ ಹೊಸ ಕೊಲಾಜೆನ್ ನಿಧಾನವಾಗಿ ಬೆಳೆಯುತ್ತದೆ. ಹಾಗೆ ಬೆಳೆಯಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಮದುವೆಯ ದಿನದ ಹೊತ್ತಿಗೆ ಫಲ ಕಾಣಿಸುತ್ತದೆಂದು ಕ್ಲಿನಿಕ್‌ನವರು ಹೇಳಿದ್ದರೆ, ತಮ್ಮದೇ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅವರು ನಿಮಗೆ ತಿಳಿಸಿಲ್ಲ.

ಮೈಸೂರು ಅತ್ತೆ, 8.20
ಪುಟ್ಟಿ, ಅವರು ಬರೀ ಬಾಯಿಮಾತು ಹೇಳಿಲ್ಲ, ಸಂಶೋಧನೆಯ ಹಾಳೆಯನ್ನೇ ಕಳಿಸಿದ್ದಾರೆ. ಕುತ್ತಿಗೆಗೆ ಚಿಕಿತ್ಸೆ ಪಡೆದ 20 ಜನರಲ್ಲಿ 17 ಜನರಿಗೆ ಗುಣ ಕಂಡಿದೆ ಎಂದು ಅದರಲ್ಲಿದೆ. ಇನ್ನೊಂದರಲ್ಲಿ 5,700 ರೋಗಿಗಳ ಲೆಕ್ಕವಿದೆ, 92 ಪ್ರತಿಶತ ಜನರಿಗೆ ಆರು ತಿಂಗಳ ನಂತರವೂ ಚರ್ಮ ಬಿಗಿಯಾಗಿತ್ತಂತೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಇನ್ನೇನು ಬೇಕು? ಚರ್ಮರೋಗ ವಿಭಾಗದಲ್ಲಿ ಓದುತ್ತಿರುವ ನೀನೇ ಸಂಶೋಧನೆಯನ್ನು ನಂಬದಿದ್ದರೆ ಹೇಗೆ?

ನಾನು, 9.05
ನಂಬುವುದರಿಂದಲೇ ಅದನ್ನು ಕೊನೆಯ ಸಾಲಿನವರೆಗೂ ಓದುತ್ತೇನೆ, ಅತ್ತೆ. ನೀವು ಹೇಳಿದ ಮೊದಲ ಅಧ್ಯಯನ ಟೀನಾ ಆಲ್‌ಸ್ಟರ್ ಮತ್ತು ಎಲಿಜಬೆತ್ ಟಾಂಜಿ ಅವರದ್ದು, 2004ರಲ್ಲಿ ಬಂದದ್ದು. ಅದರಲ್ಲಿ ಒಟ್ಟು 50 ಜನರಿದ್ದರು. 30 ಜನರಿಗೆ ಕೆನ್ನೆ, 20 ಜನರಿಗೆ ಕುತ್ತಿಗೆ. ಪ್ರಾಮಾಣಿಕವಾದ ಕೆಲಸ, ಆದರೆ ಚಿಕಿತ್ಸೆ ಪಡೆಯದವರ ಹೋಲಿಕೆಯ ಗುಂಪು ಅದರಲ್ಲಿಲ್ಲ, ಆರು ತಿಂಗಳ ಆಚೆಗೆ ಏನಾಯಿತೆಂಬುದೂ ಇಲ್ಲ. 5,700ರ ಲೆಕ್ಕವನ್ನು ಡೋವರ್ ಮತ್ತಿತರರು 2007ರಲ್ಲಿ ಕೊಟ್ಟರು. ಅದು ಪ್ರಯೋಗವಲ್ಲ, ಈ ಚಿಕಿತ್ಸೆಯನ್ನು ಸ್ವತಃ ಮಾಡುತ್ತಿದ್ದ 14 ವೈದ್ಯರು ತುಂಬಿಕೊಟ್ಟ ಸಮೀಕ್ಷೆ. ಅದೇ ಸಮೀಕ್ಷೆಯಲ್ಲಿ ಹಳೆಯ ವಿಧಾನದಲ್ಲಿ ಚಿಕಿತ್ಸೆ ಪಡೆದವರ ಪೈಕಿ ಆರು ತಿಂಗಳಿಗೆ ಬಿಗಿತ ಕಂಡದ್ದು 54 ಪ್ರತಿಶತ ಮಾತ್ರ, ನೋವು ತಾಳಲಾಗದೆಂದವರು 45 ಪ್ರತಿಶತ. ಶಾಖದ ಮಟ್ಟ ಇಳಿಸಿ ಹಲವು ಸುತ್ತು ಹಾಯಿಸುವ ಹೊಸ ವಿಧಾನ ಬಂದ ಮೇಲೆ 92ರ ಅಂಕಿ ಬಂತು. ಅಂದರೆ ಯಂತ್ರ ಒಂದೇ ಆದರೂ ಅದನ್ನು ಹಿಡಿದ ಕೈ ಮತ್ತು ಅನುಸರಿಸಿದ ಕ್ರಮ ಫಲವನ್ನು ಅಷ್ಟರಮಟ್ಟಿಗೆ ಬದಲಿಸುತ್ತವೆ. ಮೈಸೂರಿನ ಆ ಕ್ಲಿನಿಕ್‌ನಲ್ಲಿ ಯಂತ್ರ ಯಾವುದು, ಹಿಡಿಯುವವರು ಯಾರು?

ಮೈಸೂರು ಅತ್ತೆ, 9.22
ಅವೆಲ್ಲ ನನಗೆ ತಿಳಿಯದು. ಗುಣ ಕಂಡವರೇ ಹೆಚ್ಚೆಂದು ನೀನೂ ಒಪ್ಪಿದೆಯಲ್ಲ, ನನಗೆ ಅಷ್ಟು ಸಾಕು.

ನಾನು, 9.40
‘ಗುಣ’ ಎಂಬ ಆ ಮಾತಿನಲ್ಲೇ ತೊಡಕಿರುವುದು, ಅತ್ತೆ. 2003ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಕಣ್ಣಿನ ಸುತ್ತಲಿನ ಸುಕ್ಕಿಗಾಗಿ ಇದೇ ಬಗೆಯ ಯಂತ್ರವನ್ನು 86 ಜನರ ಮೇಲೆ ಪರೀಕ್ಷಿಸಿದರು. ಸುಕ್ಕಿನ ಅಳತೆಪಟ್ಟಿಯಲ್ಲಿ ಕನಿಷ್ಠ ಒಂದು ಅಂಕ ಸುಧಾರಿಸಿದವರು 83 ಪ್ರತಿಶತ ಎಂದು ಸ್ವತಂತ್ರ ಮೌಲ್ಯಮಾಪಕರು ಹೇಳಿದರು. ಆದರೆ ತೃಪ್ತಿಯಾಗಿದೆ ಎಂದ ರೋಗಿಗಳು 50 ಪ್ರತಿಶತ. ಅಳತೆಪಟ್ಟಿಗೆ ಕಂಡ ಒಂದು ಅಂಕ ಅರ್ಧದಷ್ಟು ಜನರ ಮನಸ್ಸಿಗೆ ಸಮಾಧಾನ ತರಲಿಲ್ಲ. ನೀವು ಹಣ ಕೊಡುವುದು ಅಡ್ಡಿಕೆಯ ಮೇಲಿನ ಮಡಿಕೆ ಹೋಗಲೆಂದು, ಪಟ್ಟಿಯಲ್ಲಿ ಒಂದು ಅಂಕ ಏರಲೆಂದಲ್ಲ.
ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು. 2010ರಲ್ಲಿ ಅಲೆಕ್ಸಿಯಾಡೆಸ್ ಮತ್ತಿತರರು ಸೂಜಿಯ ಮೂಲಕ ಆರ್‌ಎಫ್ ಪಡೆದ 15 ಜನರ ಚಿತ್ರಗಳನ್ನೂ ಶಸ್ತ್ರಚಿಕಿತ್ಸೆಯಿಂದ ಮುಖ ಎತ್ತಿಸಿಕೊಂಡ 6 ಜನರ ಚಿತ್ರಗಳನ್ನೂ ಬೆರೆಸಿ, ಯಾರಿಗೆ ಏನು ಮಾಡಲಾಗಿದೆಯೆಂದು ತಿಳಿಯದ ಮೌಲ್ಯಮಾಪಕರ ಮುಂದಿಟ್ಟರು. ಚರ್ಮದ ಸಡಿಲತೆ ಶಸ್ತ್ರಚಿಕಿತ್ಸೆಯಲ್ಲಿ 49 ಪ್ರತಿಶತ, ಆರ್‌ಎಫ್‌ನಲ್ಲಿ 16 ಪ್ರತಿಶತ ಕಡಿಮೆಯಾಗಿತ್ತು. ಸೊನ್ನೆಯೇನಲ್ಲ. ಆದರೆ ವಿಡಿಯೊದಲ್ಲಿ ತೋರಿಸುವುದು 16 ಪ್ರತಿಶತವನ್ನಲ್ಲ.

ಬೆಂಗಳೂರು ಅತ್ತಿಗೆ, 9.58
ಪುಟ್ಟಿ, ನನ್ನ ಅನುಭವವನ್ನು ನೀನು ಅಂಕಿಗಳಿಂದ ಅಳಿಸಲಾರೆ. ಶಸ್ತ್ರಚಿಕಿತ್ಸೆಯ ಗಾಯ, ಅರಿವಳಿಕೆ, ಖರ್ಚು ಎಲ್ಲರಿಗೂ ಒಗ್ಗುವುದಿಲ್ಲ. ಮೂರನೆಯ ಒಂದು ಭಾಗದಷ್ಟು ಫಲ ಸಾಕು ಎನ್ನುವವರೂ ಇದ್ದಾರೆ, ಅವರಲ್ಲಿ ನಾನೂ ಒಬ್ಬಳು.

ನಾನು, 10.15
ಅತ್ತಿಗೆ, ನಿಮ್ಮ ಮಾತು ಸರಿ. ನಿಮ್ಮದು ಆಗ ನಲವತ್ತೆರಡನೆಯ ವಯಸ್ಸು, ಸಡಿಲತೆಯೂ ಅಲ್ಪ. ಈ ಚಿಕಿತ್ಸೆಗೆ ಒಪ್ಪುವುದು ಅಂಥ ಕುತ್ತಿಗೆಯೇ. ಅತ್ತೆಯದು ತೂಕ ಇಳಿದು ಮಿಕ್ಕುಳಿದ ಚರ್ಮ. ಕುತ್ತಿಗೆಯೆಂದರೆ ಚರ್ಮ ಮಾತ್ರವಲ್ಲ, ಅದರ ಕೆಳಗೆ ಕೊಬ್ಬಿದೆ, ಪ್ಲಾಟಿಸ್ಮಾ ಎಂಬ ಹಾಳೆಯಂಥ ಸ್ನಾಯುವಿದೆ. ಅತ್ತೆ, ಕನ್ನಡಿಯ ಮುಂದೆ ಹಲ್ಲು ಕಚ್ಚಿ ಕೆಳತುಟಿಯನ್ನು ಕೆಳಗೆಳೆದು ನೋಡಿ. ಮೇಲಿಂದ ಕೆಳಕ್ಕೆ ಹಗ್ಗದಂಥ ಪಟ್ಟಿಗಳು ಎದ್ದರೆ ಅದು ಸ್ನಾಯು, ಚರ್ಮದ ಮೇಲೆ ಹಾಯಿಸುವ ಶಾಖದಿಂದ ಅದು ಮರೆಯಾಗದು.
ವಿಡಿಯೊವನ್ನು ಮೊದಲಿನ-ನಂತರದ ಚಿತ್ರಗಳು ಬರುವಲ್ಲಿ ನಿಲ್ಲಿಸಿ, ಆಕೆಯ ಜುಮಕಿಯನ್ನು ನೋಡಿ. ಮೊದಲ ಚಿತ್ರದಲ್ಲಿ ಅದು ದವಡೆಯ ಮೂಲೆಯ ಮೇಲೆಯೇ ತೂಗುತ್ತಿದೆ, ಎರಡನೆಯದರಲ್ಲಿ ದವಡೆಯ ಹಿಂದೆ ತೂಗುತ್ತಿದೆ. ಜುಮಕಿ ಯಾವಾಗಲೂ ನೇರ ಕೆಳಕ್ಕೇ ತೂಗುತ್ತದೆ. ಜಾಗ ಬದಲಿಸಿದ್ದು ದವಡೆ. ಆಕೆ ಗಲ್ಲವನ್ನು ಮೇಲೆತ್ತಿದ್ದಾಳೆ. ಗಲ್ಲ ಎತ್ತಿದರೆ ಯಾರ ಕುತ್ತಿಗೆಯಾದರೂ ಬಿಗಿಯಾಗಿ ಕಾಣುತ್ತದೆ.

ದೊಡ್ಡಪ್ಪ, 10.50
ಹೌದು, ಈಗ ನಿಲ್ಲಿಸಿ ನೋಡಿದೆ. ಬೆಳಕೂ ಬೇರೆಯಿದೆ. ಆದರೂ ಎಫ್‌ಡಿಎ ಒಪ್ಪಿದೆ ಎಂದಿದ್ದಾರಲ್ಲ ಪುಟ್ಟಿ, ಅದಕ್ಕೇನು ಹೇಳುತ್ತೀ?

ನಾನು, 11.12
ದೊಡ್ಡಪ್ಪ, ಥರ್ಮೇಜ್ ಎಂಬ ಆರ್‌ಎಫ್ ಯಂತ್ರಕ್ಕೆ 2002ರಲ್ಲಿ ಕಣ್ಣಿನ ಸುತ್ತಲಿನ ಸುಕ್ಕಿಗೆ, 2004ರಲ್ಲಿ ಇಡೀ ಮುಖಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಇಂಥ ಸಾಧನಗಳಿಗೆ ಸಾಮಾನ್ಯವಾಗಿ ಸಿಗುವುದು, ಈಗಾಗಲೇ ಮಾರಾಟದಲ್ಲಿರುವ ಇನ್ನೊಂದು ಸಾಧನಕ್ಕೆ ಇದು ಸಮಾನವಾಗಿದೆ ಎಂಬ ಆಧಾರದ ಅನುಮತಿ. ಹೊಸ ಔಷಧಕ್ಕೆ ಬೇಕಾದಂಥ ದೊಡ್ಡ ಪ್ರಯೋಗಗಳ ಸರಣಿ ಅದಕ್ಕೆ ಬೇಕಿಲ್ಲ. ಅನುಮತಿ ಒಂದು ನಿರ್ದಿಷ್ಟ ಯಂತ್ರಕ್ಕೆ, ನಿರ್ದಿಷ್ಟ ಉಪಯೋಗಕ್ಕೆ. ‘ಆರ್‌ಎಫ್’ ಎಂಬ ಹೆಸರಿಗೆ ಅಲ್ಲ. ಇದೇ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ, ಸೂಜಿಗಳ ಮೂಲಕ ಶಾಖ ಕೊಡುವ ಆರ್‌ಎಫ್ ಮೈಕ್ರೊನೀಡ್ಲಿಂಗ್ ಬಗ್ಗೆ ಎಚ್ಚರಿಕೆ ಹೊರಡಿಸಿತು: ಸುಟ್ಟಗಾಯ, ಕಲೆ, ಕೊಬ್ಬಿನ ನಷ್ಟ, ನರಕ್ಕೆ ಪೆಟ್ಟು ವರದಿಯಾಗಿವೆ. ಅತ್ತೆಯ ವಿಡಿಯೊದಲ್ಲಿ ಮೇಲ್ಮೈಯ ಯಂತ್ರವನ್ನೂ ಸೂಜಿಯ ಯಂತ್ರವನ್ನೂ ಒಂದೇ ಹೆಸರಿನಲ್ಲಿ ತೋರಿಸಿದ್ದಾರೆ.
ನಮ್ಮ ಬಣ್ಣದ ಚರ್ಮಕ್ಕೆ ಆರ್‌ಎಫ್ ಸುರಕ್ಷಿತ ಎಂದೂ ಹೇಳುವವರಿದ್ದಾರೆ, ಅದರಲ್ಲಿ ಅರ್ಧ ಸತ್ಯವಿದೆ. ಲೇಸರ್‌ನಂತೆ ಅದು ಚರ್ಮಕ್ಕೆ ಬಣ್ಣ ಕೊಡುವ ಮೆಲಾನಿನ್ ಹುಡುಕಿಕೊಂಡು ಹೋಗುವುದಿಲ್ಲ, ನಿಜ. ಆದರೆ ಸುಟ್ಟರೆ ಕಪ್ಪು ಕಲೆ ಉಳಿಯುವುದು ನಮ್ಮಂಥ ಚರ್ಮದಲ್ಲೇ ಹೆಚ್ಚು. ಕಳೆದ ತಿಂಗಳು ನಮ್ಮ ಹೊರರೋಗಿ ವಿಭಾಗಕ್ಕೆ ಬಂದ ಹೆಂಗಸಿನ ಕುತ್ತಿಗೆಯ ಎಡಬದಿಯಲ್ಲಿ ಹೆಬ್ಬೆಟ್ಟಿನಗಲದ ಮೂರು ಚೌಕ ಗುರುತುಗಳಿದ್ದವು, ಯಂತ್ರದ ತುದಿಯ ಅಚ್ಚು ಒತ್ತಿದ ಹಾಗೆ. ಆಕೆ ಸೆರಗನ್ನು ಆ ಬದಿಗೆ ಎಳೆದುಕೊಂಡೇ ಮಾತನಾಡಿದರು. ಅದನ್ನು ಕಂಡ ಮೇಲೆ ಇಲ್ಲಿ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ದೊಡ್ಡಪ್ಪ, 11.30
ಇನ್ನೊಂದು ವಿಷಯ. ಇಬ್ಬರಿಗೆ ರಿಯಾಯಿತಿಯೆಂದು ನಿನ್ನ ದೊಡ್ಡಮ್ಮನೂ ಶುಕ್ರವಾರ ಹೊರಟಿದ್ದಾಳೆ. ಹೆಸರನ್ನೂ ಬರೆಸಿಯಾಗಿದೆ.

ನಾನು, 11.31
ದೊಡ್ಡಪ್ಪ, ದೊಡ್ಡಮ್ಮ ಖಂಡಿತ ಹೋಗಬಾರದು. ಅವರ ಎದೆಯಲ್ಲಿ ಪೇಸ್‌ಮೇಕರ್ ಇದೆ. ದೇಹದ ಮೂಲಕ ವಿದ್ಯುತ್ತು ಹರಿಯುವ ಈ ಚಿಕಿತ್ಸೆ ಪೇಸ್‌ಮೇಕರ್ ಇದ್ದವರಿಗೆ ನಿಷಿದ್ಧ. ಹೆಸರು ಬರೆಸುವಾಗ ಅವರು ಅದನ್ನು ಕೇಳಲಿಲ್ಲವೇ?

ದೊಡ್ಡಪ್ಪ, 11.44
ಅವಳನ್ನೇ ಕೇಳಿದೆ. ವಯಸ್ಸು ಮತ್ತು ಫೋನ್ ನಂಬರ್ ಬಿಟ್ಟು ಬೇರೇನನ್ನೂ ಕೇಳಲಿಲ್ಲವಂತೆ.

ಮೈಸೂರು ಅತ್ತೆ, ಮಧ್ಯಾಹ್ನ 12.35
ಅಣ್ಣ, ಪುಟ್ಟಿಯ ದೊಡ್ಡಮ್ಮನ ಹೆಸರನ್ನು ನಾನೇ ಫೋನ್ ಮಾಡಿ ತೆಗೆಸಿದೆ. ಯಂತ್ರ ಯಾವುದು, ಯಾರು ಮಾಡುತ್ತಾರೆ ಎಂದೂ ಕೇಳಿದೆ. ‘ಎಲ್ಲಾ ಒಂದೇ ಮೇಡಂ, ನಮ್ಮ ಹುಡುಗಿ ಮಾಡುತ್ತಾಳೆ’ ಎಂದರು. ಮುಂಗಡ ಕಟ್ಟುವುದಿಲ್ಲ. ಆಸೆಯನ್ನೂ ಬಿಟ್ಟಿಲ್ಲ, ಪುಟ್ಟಿ; ಮದುವೆ ಮುಗಿದ ಮೇಲೆ ನಿಮ್ಮ ಆಸ್ಪತ್ರೆಗೆ ಬರುತ್ತೇನೆ, ನಿನ್ನ ಪ್ರೊಫೆಸರ್ ಮುಟ್ಟಿ ನೋಡಿ ಏನು ಹೇಳುತ್ತಾರೋ ಹೇಳಲಿ. ಅಡ್ಡಿಕೆಯ ದಾರವನ್ನು ಎರಡು ಬೆರಳು ಉದ್ದ ಮಾಡಿಸಲು ಅಕ್ಕಸಾಲಿಗೆ ಹೇಳಿದ್ದೇನೆ.
ಈಗ ತೆಗೆದ ಫೋಟೊ ಕಳಿಸಿದ್ದೇನೆ, ಇಟ್ಟುಕೊಂಡಿರು. ಉತ್ತರದ ಕಿಟಕಿಯ ಬೆಳಕು, ನೇರ ನೋಟ. ಜುಮಕಿಯನ್ನು ಬೇಕೆಂದೇ ಹಾಕಿಕೊಂಡಿದ್ದೇನೆ. ಮುಂದೆ ಯಾರಾದರೂ ನನ್ನ ಗಲ್ಲ ಎತ್ತಿಸಿ ಫೋಟೊ ತೆಗೆದರೆ ನಿನಗೆ ಗೊತ್ತಾಗುತ್ತದೆ.