ಕಂಪನಿಯ ಒಳಸುದ್ದಿ ಮತ್ತು ಷೇರು ವಹಿವಾಟು: ಕಂಪ್ಲಯನ್ಸ್ ಅಧಿಕಾರಿಯ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಕಂಪನಿ ಸೆಕ್ರೆಟರಿ. ಲಿಸ್ಟೆಡ್ (ಷೇರುಪೇಟೆಯಲ್ಲಿ ಷೇರು ಇರುವ) ಕಂಪನಿಯೊಂದರಲ್ಲಿ ಇನ್‌ಸೈಡರ್ ಟ್ರೇಡಿಂಗ್, ಅಂದರೆ ಒಳಸುದ್ದಿ ಇಟ್ಟುಕೊಂಡು ಷೇರು ಕೊಳ್ಳುವುದು-ಮಾರುವುದು, ಇದರ ನಿಯಮಗಳ ಪಾಲನೆ ನೋಡಿಕೊಳ್ಳುವುದು ನನ್ನ ಕೆಲಸ. ಏನು ಬೇಕಾದರೂ ಕೇಳಿ, ಆದರೆ ಕಂಪನಿಯ ಹೆಸರು ಬೇಡ, "ಸುದ್ದಿ" ಏನು ಅನ್ನುವುದಂತೂ ಬೇಡವೇ ಬೇಡ. ಇಲ್ಲಿ ಬರೆದರೆ ಬರೆದವರೂ ಸಿಕ್ಕಿಹಾಕಿಕೊಳ್ಳುತ್ತೀರಿ, ಓದಿದ ನಾವೂ ಸಿಕ್ಕಿಹಾಕಿಕೊಳ್ಳುತ್ತೇವೆ.

ಪ್ರಶ್ನೆ: ಮೇಡಂ, ನಾನು ಡೇಟಾಬೇಸ್ ಅಡ್ಮಿನ್. ಮ್ಯಾನೇಜರ್ ಕೂಡ ಅಲ್ಲ. ಮೊನ್ನೆ ಎಚ್‌ಆರ್‌ನಿಂದ "ನೀವು ಡೆಸಿಗ್ನೇಟೆಡ್ ಪರ್ಸನ್" ಅಂತ ಮೇಲ್ ಬಂತು. ಮನೆಯವರ ಪ್ಯಾನ್ ನಂಬರನ್ನೂ ಕೇಳಿದ್ದಾರೆ. ನನ್ನಂಥವನ ಹತ್ತಿರ ಯಾವ ಗುಟ್ಟು ಇರುತ್ತೆ?

ಉತ್ತರ: ನಿಮ್ಮ ಹತ್ತಿರವೇ ಇರುತ್ತೆ. ಬೋರ್ಡ್ ಮುಂದೆ ಹೋಗುವ ಮೊದಲು ತ್ರೈಮಾಸಿಕದ ಅಂಕಿಗಳು ಎಲ್ಲಿ ಕೂತಿರುತ್ತವೆ ಹೇಳಿ? ನಿಮ್ಮ ಸರ್ವರ್‌ನಲ್ಲಿ. ಷೇರುಪೇಟೆಯ ನಿಯಂತ್ರಕ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ತಡೆ ನಿಯಮಗಳು ಡೆಸಿಗ್ನೇಟೆಡ್ ವ್ಯಕ್ತಿಗಳ, ಅಂದರೆ ಒಳಸುದ್ದಿ ಕೈಗೆ ಸಿಗಬಹುದು ಅಂತ ಕಂಪನಿ ಗುರುತಿಸಿದವರ, ಪಟ್ಟಿಯಲ್ಲಿ ಐಟಿ ಸಿಬ್ಬಂದಿಯನ್ನೂ ಸೆಕ್ರೆಟರಿ ಕೆಲಸದವರನ್ನೂ ಹೆಸರಿಸಿಯೇ ಹೇಳುತ್ತವೆ. ಕಾನೂನು ನೋಡುವುದು ಹುದ್ದೆಯನ್ನಲ್ಲ, ಬೆಲೆ ಮೇಲೆ ಪರಿಣಾಮ ಬೀರಬಲ್ಲ ಅಪ್ರಕಟಿತ ಮಾಹಿತಿ ನಿಮ್ಮ ಕೈಗೆ ಸಿಗುತ್ತದೆಯೇ ಅನ್ನುವುದನ್ನು. ನಾವು ಅದನ್ನು ಯುಪಿಎಸ್‌ಐ ಅನ್ನುತ್ತೇವೆ: ಹಣಕಾಸು ಫಲಿತಾಂಶ, ಡಿವಿಡೆಂಡ್, ವಿಲೀನ, ಬೇರೆ ಕಂಪನಿಯ ಖರೀದಿ, ಬಂಡವಾಳ ರಚನೆಯಲ್ಲಿ ಬದಲಾವಣೆ, ಡೀಲಿಸ್ಟಿಂಗ್ (ಷೇರುಪೇಟೆಯಿಂದ ಹೊರಬರುವುದು), ಉನ್ನತ ಅಧಿಕಾರಿಗಳ ಬದಲಾವಣೆ, ಇಂಥವು. 2025ರಲ್ಲಿ ಈ ಪಟ್ಟಿಯನ್ನು ಇನ್ನಷ್ಟು ಬೆಳೆಸಿದ್ದಾರೆ.

ಇದನ್ನು ಅವಮಾನ ಅಂದುಕೊಳ್ಳಬೇಡಿ. ಪಟ್ಟಿಯಲ್ಲಿ ಹೆಸರು ಇದ್ದರೆ ಒಳ್ಳೆಯದೇ, ಯಾವಾಗ ಮಾರಬಹುದು, ಯಾವಾಗ ಬಾರದು ಅಂತ ಮೊದಲೇ ಗೊತ್ತಿರುತ್ತೆ. ಪಟ್ಟಿಯಲ್ಲಿಲ್ಲದೆ ಮಾಹಿತಿ ಮಾತ್ರ ಕೈಯಲ್ಲಿದ್ದರೂ ನೀವು ಇನ್‌ಸೈಡರೇ.

ಮರುಪ್ರಶ್ನೆ: ಆದರೆ ಅಂಕಿಗಳನ್ನು ನಾನು ನೋಡಿಯೇ ಇಲ್ಲ. ಷೇರು ಕೊಳ್ಳಬೇಕು ಅಂತ ಬೇರೆ ಕಾರಣಕ್ಕೆ ಮೊದಲೇ ನಿರ್ಧರಿಸಿದ್ದೆ. ಆಗ?

ಉತ್ತರ: ಕಷ್ಟ ಇರುವುದು ಇಲ್ಲಿಯೇ. ಮಾಹಿತಿ ನಿಮ್ಮ ಬಳಿ ಇರುವಾಗ ವಹಿವಾಟು ಮಾಡಿದರೆ, ಅದರ ಪ್ರೇರಣೆಯಿಂದಲೇ ಮಾಡಿದಿರಿ ಅಂತ ನಿಯಮ ಊಹಿಸಿಕೊಳ್ಳುತ್ತದೆ. ಹಾಗಲ್ಲ ಅಂತ ತೋರಿಸುವ ಹೊಣೆ ನಿಮ್ಮದು. "ನಾನು ಆ ಫೋಲ್ಡರ್ ತೆರೆಯಲೇ ಇಲ್ಲ" ಅನ್ನುವುದಕ್ಕೆ ಆಕ್ಸೆಸ್ ಲಾಗ್ ಸಾಕ್ಷಿ ಹೇಳಬೇಕು. ನಿಮಗೆ ಬೇಡದ ಆಕ್ಸೆಸ್ ಇದ್ದರೆ ತೆಗೆದುಹಾಕಿ ಅಂತ ಇವತ್ತೇ ಟಿಕೆಟ್ ಹಾಕಿ. ಅದೊಂದು ದಾಖಲೆ ನಾಳೆ ನಿಮ್ಮ ಪರ ನಿಲ್ಲುತ್ತದೆ.

ಪ್ರಶ್ನೆ: ನನ್ನ ಗಂಡ ಕಂಪನಿಗಳ ಖರೀದಿ-ವಿಲೀನದ ವಿಭಾಗದಲ್ಲಿದ್ದಾರೆ, ವರ್ಕ್ ಫ್ರಮ್ ಹೋಮ್. ಪಕ್ಕದ ಕೋಣೆಯಿಂದ ಮಾತು ಕಿವಿಗೆ ಬೀಳುತ್ತೆ. ನಾನು ನನ್ನದೇ ದುಡ್ಡಲ್ಲಿ ಷೇರು ವ್ಯವಹಾರ ಮಾಡ್ತೀನಿ. ಅವರು ನನಗೇನೂ ಹೇಳಿಲ್ಲ. ಇದರಲ್ಲಿ ತಪ್ಪೇನು?

ಉತ್ತರ: ನೀವು ಕೇಳಿದ್ದಕ್ಕೆ ಅಮೆರಿಕದಲ್ಲಿ ನಡೆದ ಪ್ರಕರಣವೇ ಉತ್ತರ. ತೈಲ ಕಂಪನಿ ಬಿಪಿ 2023ರಲ್ಲಿ ಟ್ರಾವೆಲ್‌ಸೆಂಟರ್ಸ್ ಆಫ್ ಅಮೆರಿಕವನ್ನು ಕೊಂಡಿತು. ಆ ಖರೀದಿಯ ತಂಡದಲ್ಲಿದ್ದ ಮಹಿಳೆ ಮನೆಯಿಂದ ಕೆಲಸ ಮಾಡುತ್ತಿದ್ದರು. ಕೆಲವೇ ಹೆಜ್ಜೆ ದೂರದಲ್ಲಿ ಗಂಡನ ಮೇಜು. ಆಕೆಗೆ ಹೇಳದೆ ಆತ ಟ್ರಾವೆಲ್‌ಸೆಂಟರ್ಸ್‌ನ 46,450 ಷೇರು ಕೊಂಡ, ಸುದ್ದಿ ಹೊರಬಿದ್ದ ಮೇಲೆ ಮಾರಿ 17.6 ಲಕ್ಷ ಡಾಲರ್ ಲಾಭ ಮಾಡಿದ. ತನಿಖೆ ಶುರುವಾದಾಗ ಹೆಂಡತಿಯ ಬಳಿ ಒಪ್ಪಿಕೊಂಡ: ಅವಳು ಅಷ್ಟು ಹೊತ್ತು ದುಡಿಯುವುದು ತಪ್ಪಲಿ ಅಂತ ಹೀಗೆ ಮಾಡಿದೆ ಅಂದ. ಆಕೆ ತಾನೇ ಹೋಗಿ ಮೇಲಧಿಕಾರಿಗೆ ತಿಳಿಸಿದರು. ಆಕೆ ಬೇಕೆಂದು ಸುದ್ದಿ ಬಿಟ್ಟುಕೊಟ್ಟರು ಅನ್ನುವುದಕ್ಕೆ ಕಂಪನಿಗೆ ಯಾವ ಪುರಾವೆಯೂ ಸಿಗಲಿಲ್ಲ, ಆದರೂ ಕೆಲಸದಿಂದ ತೆಗೆದರು. ಆಕೆ ವಿಚ್ಛೇದನಕ್ಕೆ ಅರ್ಜಿ ಹಾಕಿದರು. ಗಂಡನಿಗೆ ಎರಡು ವರ್ಷ ಜೈಲಾಯಿತು.

ಹಾಗಾಗಿ, ಅವರು ಹೇಳಿಲ್ಲ ಅನ್ನುವುದು ನಿಮ್ಮನ್ನು ಕಾಯುವುದಿಲ್ಲ, ಅವರನ್ನಂತೂ ಮೊದಲೇ ಕಾಯುವುದಿಲ್ಲ. ನಮ್ಮ ನಿಯಮದಲ್ಲೂ ಸಂಗಾತಿ ಅಂದರೆ ನೇರ ಸಂಬಂಧಿ. "ನನ್ನದೇ ದುಡ್ಡು" ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಕರೆ ಬಂದಾಗ ಬಾಗಿಲು ಹಾಕಿಕೊಳ್ಳಿ ಅಂತ ಅವರಿಗೆ ಹೇಳಿ. ನೀವು ಯಾವ ಷೇರು ಕೊಳ್ಳುವ ಮೊದಲೂ ಅವರ ಕಚೇರಿಯ ರಿಸ್ಟ್ರಿಕ್ಟೆಡ್ ಲಿಸ್ಟ್‌ನಲ್ಲಿ (ವಹಿವಾಟು ಮಾಡಬಾರದ ಷೇರುಗಳ ಪಟ್ಟಿ) ಅದು ಇದೆಯಾ ಅಂತ ನೋಡಲು ಅವರಿಗೆ ತಿಳಿಸಿ. ಕೆಲವೊಮ್ಮೆ ಆ ಪಟ್ಟಿಯೇ ಗುಟ್ಟಾಗಿರುತ್ತೆ, ಆಗ ಅವರು "ಬೇಡ" ಅನ್ನುವಂತೆಯೂ ಇರುವುದಿಲ್ಲ, ಕಾರಣ ಹೇಳುವಂತೆಯೂ ಇರುವುದಿಲ್ಲ. ಅದಕ್ಕೇ ಈ ಕೆಲಸದಲ್ಲಿರುವವರ ಮನೆಗಳಲ್ಲಿ ಬಿಡಿ ಷೇರುಗಳ ಗೊಡವೆಯೇ ಬೇಡ, ಇಂಡೆಕ್ಸ್ ಫಂಡ್ ಸಾಕು ಅಂತ ನಾನು ಹೇಳುವುದು. ಕಾನೂನು ಇದನ್ನು ಕೇಳುವುದಿಲ್ಲ, ನನ್ನ ಅಭಿಪ್ರಾಯ ಅಷ್ಟೇ.

ಪ್ರಶ್ನೆ: ಮನೆಗೆ ಡೌನ್ ಪೇಮೆಂಟ್ ಕಟ್ಟಬೇಕು. ಇಸಾಪ್ ಷೇರು (ನೌಕರರಿಗೆ ಕಂಪನಿ ಕೊಡುವ ಷೇರು) ಮಾರಲು ಹೋದರೆ ಡಿಮ್ಯಾಟ್‌ನಲ್ಲಿ ಬ್ಲಾಕ್ ಅಂತ ತೋರಿಸುತ್ತಿದೆ. ಅದು ನನ್ನ ದುಡಿಮೆಯ ಷೇರು ತಾನೇ?

ಉತ್ತರ: ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಟ್ರೇಡಿಂಗ್ ವಿಂಡೋ, ಅಂದರೆ ನಿಮ್ಮಂಥವರು ಕಂಪನಿಯ ಷೇರು ಕೊಳ್ಳಲು-ಮಾರಲು ಇರುವ ಅವಕಾಶ, ಮುಚ್ಚಿರುತ್ತದೆ. ಈಗ ಆ ಅವಧಿಯಲ್ಲಿ ಡೆಸಿಗ್ನೇಟೆಡ್ ವ್ಯಕ್ತಿಯ ಪ್ಯಾನ್ ಅನ್ನು ಆ ಒಂದು ಕಂಪನಿಯ ಷೇರಿನ ಮಟ್ಟಿಗೆ ಡಿಪಾಸಿಟರಿಯೇ (ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆ) ಫ್ರೀಜ್ ಮಾಡುತ್ತದೆ. ನಿಮಗೆ ಆಗಿರುವುದು ಅದೇ. ಬೇಸರ ಆಗುವುದು ಸಹಜ. ಆದರೆ ಮೊದಲು ಇದೆಲ್ಲ ಮೇಲ್ ಕಳಿಸಿ, ಮರೆಯಬೇಡಿ ಅಂತ ಬೇಡಿಕೊಳ್ಳುವ ವ್ಯವಸ್ಥೆಯಾಗಿತ್ತು, ಮರೆತವರು ನೋಟಿಸ್ ತಿನ್ನುತ್ತಿದ್ದರು. ಅದಕ್ಕಿಂತ ಇದು ವಾಸಿ.

ವಿಂಡೋ ಮುಚ್ಚಿರುವಾಗಲೂ ಇಸಾಪ್ ಎಕ್ಸರ್ಸೈಸ್ ಮಾಡಬಹುದು (ಗೊತ್ತುಮಾಡಿದ ಬೆಲೆ ಕೊಟ್ಟು ಷೇರು ಪಡೆಯಬಹುದು), ಮಾರುವುದಕ್ಕೆ ಮಾತ್ರ ಬರುವುದಿಲ್ಲ. ಅರ್ಜೆಂಟ್ ಹಣ ಬೇಕು ಅಂದರೆ ಹೆಚ್ಚಿನವರಿಗೆ ಗೊತ್ತಿಲ್ಲದ ದಾರಿ ಒಂದಿದೆ: ಸಾಲಕ್ಕಾಗಿ ಷೇರು ಅಡ ಇಡುವುದು. ಹಣ ಎತ್ತುವಂಥ ಪ್ರಾಮಾಣಿಕ ಉದ್ದೇಶ ಇದ್ದರೆ, ಕಂಪ್ಲಯನ್ಸ್ ಅಧಿಕಾರಿಯ ಪೂರ್ವಾನುಮತಿ ಪಡೆದು ಮುಚ್ಚಿದ ವಿಂಡೋದಲ್ಲೂ ಅಡ ಇಡಬಹುದು. ಇನ್ನೊಂದು ನೆನಪಿರಲಿ, ವಿಂಡೋ ತೆರೆದ ಮೇಲೆ ಮಾರಿದಿರಿ ಅಂದುಕೊಳ್ಳಿ, ಬೆಲೆ ಇಳಿಯಿತು ಅಂತ ಆರು ತಿಂಗಳ ಒಳಗೆ ಮಾರುಕಟ್ಟೆಯಿಂದ ಅದೇ ಷೇರು ಕೊಳ್ಳುವಂತಿಲ್ಲ. ಅದು ಕಾಂಟ್ರಾ ಟ್ರೇಡ್ (ಹಿಂದಿನದಕ್ಕೆ ವಿರುದ್ಧ ದಿಕ್ಕಿನ ವಹಿವಾಟು) ಆಗುತ್ತೆ, ಬಂದ ಲಾಭ ಸೆಬಿಯ ಹೂಡಿಕೆದಾರರ ನಿಧಿಗೆ ಹೋಗುತ್ತೆ. ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುವವರಲ್ಲಿ ಹೆಚ್ಚಿನವರು ಇಲ್ಲಿಯೇ.

ಮರುಪ್ರಶ್ನೆ (ಬೇರೊಬ್ಬ ಸದಸ್ಯರು): ಸಂಕಟಕ್ಕೆ ಮಾರಿದರೂ ಅಪರಾಧವಾ? ಸುಪ್ರೀಂ ಕೋರ್ಟ್ ಯಾರನ್ನೋ ಬಿಟ್ಟಿತ್ತಲ್ಲ?

ಉತ್ತರ: ಗ್ಯಾಮನ್ ಇನ್ಫ್ರಾಸ್ಟ್ರಕ್ಚರ್ ಪ್ರಕರಣ ಹೇಳುತ್ತಿದ್ದೀರಿ, 2022ರ ಸೆಪ್ಟೆಂಬರ್ ತೀರ್ಪು. ಅಲ್ಲಿ ಕಂಪನಿಯ ಅಧ್ಯಕ್ಷರಾಗಿದ್ದ ಅಭಿಜಿತ್ ರಾಜನ್ ಷೇರು ಮಾರಿದ್ದು ಸಮೂಹದ ಇನ್ನೊಂದು ಕಂಪನಿಯ ಸಾಲದ ತುರ್ತಿಗೆ. ಅವರ ಬಳಿ ಇದ್ದ ಸುದ್ದಿ ಹೊರಬಂದರೆ ಬೆಲೆ ಏರುವಂಥದ್ದು ಅಂತ ಕೋರ್ಟ್ ಕಂಡುಕೊಂಡಿತು. ಏರುವ ಮುಂಚೆ ಮಾರಿ ಯಾರು ಲಾಭ ಮಾಡಿಕೊಳ್ಳುತ್ತಾರೆ? ಆ ತರ್ಕದ ಮೇಲೆ ಅವರು ಪಾರಾದರು, ಅದೂ ಹಳೆಯ 1992ರ ನಿಯಮಗಳ ಕೆಳಗೆ. "ನನಗೂ ಕಷ್ಟ ಇತ್ತು" ಅನ್ನುವುದೊಂದನ್ನೇ ಹಿಡಿದುಕೊಂಡು ಆ ತೀರ್ಪಿನ ನೆರಳಲ್ಲಿ ನಿಲ್ಲುವ ಸಾಹಸ ಬೇಡ.

ಪ್ರಶ್ನೆ: ಇದೆಲ್ಲ ನಮ್ಮಂಥ ಸಣ್ಣವರಿಗೆ. ದೊಡ್ಡವರು ಗಾಲ್ಫ್ ಆಡುತ್ತಾ ಮಾತಾಡಿಕೊಂಡರೆ ಯಾರಿಗೆ ಗೊತ್ತಾಗುತ್ತೆ?

ಉತ್ತರ: ಅರ್ಧ ನಿಜ. ಸಿಕ್ಕಿಬಿದ್ದ ದೊಡ್ಡವರ ಪೈಕಿ ನಮಗೆ ಹತ್ತಿರದ ಹೆಸರು ರಜತ್ ಗುಪ್ತಾ. ಸಲಹಾ ಸಂಸ್ಥೆ ಮೆಕಿನ್ಸಿಯ ಮುಖ್ಯಸ್ಥರಾಗಿದ್ದವರು, ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ನಿರ್ದೇಶಕ. 2008ರ ಸೆಪ್ಟೆಂಬರ್ 23ರಂದು ವಾರನ್ ಬಫೆಟ್‌ರ ಬರ್ಕ್‌ಷೈರ್ 500 ಕೋಟಿ ಡಾಲರ್ ಹಾಕುವುದಕ್ಕೆ ಗೋಲ್ಡ್‌ಮನ್ ಬೋರ್ಡ್ ಫೋನ್ ಸಭೆಯಲ್ಲಿ ಒಪ್ಪಿತು. ಸಭೆ ಮುಗಿದು ಒಂದು ನಿಮಿಷವೂ ಆಗಿರಲಿಲ್ಲ, ಗುಪ್ತಾ ಕಡೆಯಿಂದ ಹೆಡ್ಜ್ ಫಂಡ್ (ಸಿರಿವಂತರ ಹಣ ಹೂಡುವ ಖಾಸಗಿ ಫಂಡ್) ನಡೆಸುತ್ತಿದ್ದ ರಾಜ್ ರಾಜರತ್ನಂಗೆ ಕರೆ ಹೋಯಿತು. ಮಾರುಕಟ್ಟೆ ಮುಚ್ಚಲು ಇನ್ನು ಕೆಲವೇ ನಿಮಿಷ ಇತ್ತು, ಅಷ್ಟರಲ್ಲೇ ಖರೀದಿ ಮುಗಿದಿತ್ತು. ಆ ವಹಿವಾಟಿನಲ್ಲಿ ಗುಪ್ತಾ ಸ್ವತಃ ಒಂದು ಷೇರೂ ಕೊಳ್ಳಲಿಲ್ಲ. ಆದರೂ 2012ರಲ್ಲಿ ಎರಡು ವರ್ಷ ಜೈಲು, 50 ಲಕ್ಷ ಡಾಲರ್ ದಂಡ. ರಾಜರತ್ನಂಗೆ 11 ವರ್ಷ. ಸುದ್ದಿ ಕೊಟ್ಟವನೂ ಅಪರಾಧಿ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಉಳಿದರ್ಧ ಏನೆಂದರೆ, ರಾಜರತ್ನಂ ಪ್ರಕರಣದಲ್ಲಿ ಅಮೆರಿಕದ ಪೊಲೀಸರು ಫೋನ್ ಕದ್ದು ಕೇಳಿದ್ದರು. ನಮ್ಮ ಸೆಬಿಗೆ ಆ ಅಧಿಕಾರ ಇಲ್ಲ. ಯಾರು ಯಾರಿಗೆ ಯಾವಾಗ ಕರೆ ಮಾಡಿದರು ಅನ್ನುವ ದಾಖಲೆ ಸಿಗುತ್ತದೆ, ಮಾತು ಸಿಗುವುದಿಲ್ಲ. ಫಲಿತಾಂಶಗಳು ಪ್ರಕಟಣೆಗೆ ಮುಂಚೆಯೇ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ್ದು 2017ರಲ್ಲಿ ಬಯಲಾಯಿತು. ಆ ಸಂದೇಶ ದಾಟಿಸಿದವರಿಗೆ ಸೆಬಿ ದಂಡ ಹಾಕಿತು. ಮಾಹಿತಿ ಕಂಪನಿಯ ಒಳಗಿನಿಂದಲೇ ಬಂತು ಅಂತ ತೋರಿಸಲಾಗಿಲ್ಲ ಅಂತ 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿತು. ಮರುವರ್ಷ ಪಿಸಿ ಜ್ಯುವೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ರಕ್ತಸಂಬಂಧ ಇದೆ, ವಹಿವಾಟಿನ ಸಮಯ ಹೊಂದುತ್ತದೆ ಅಂದಮಾತ್ರಕ್ಕೆ ಸುದ್ದಿ ಕೈ ಬದಲಾಯಿತು ಅಂತ ಊಹಿಸುವಂತಿಲ್ಲ. ಕಾನೂನಿನ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಬಾಯಿಮಾತಲ್ಲಿ ಮುಗಿಯುವ ಅಪರಾಧಕ್ಕೆ ಕಾಗದದ ಸಾಕ್ಷಿ ತನ್ನಿ ಅಂದರೆ ಬಾಯಿ ಬಿಡುವವರಿಗೆ ಅನುಕೂಲ, ಮೇಲ್ ಕಳಿಸುವ ಜೂನಿಯರ್‌ಗೆ ಕುತ್ತು. ನಿಮ್ಮ ಸಿಟ್ಟು ನನಗೂ ಇದೆ.

ಪ್ರಶ್ನೆ: ಟೆಲಿಗ್ರಾಂ ಗ್ರೂಪಲ್ಲಿ "ಒಳಗಿನ ಪಕ್ಕಾ ಸುದ್ದಿ" ಅಂತ ಟಿಪ್ಸ್ ಬರುತ್ತೆ. ತೆಗೆದುಕೊಂಡರೆ ನಾನು ಇನ್‌ಸೈಡರಾ?

ಉತ್ತರ: ಬಹುಪಾಲು ಅದು ಸುಳ್ಳು. ಹೇಳುವವನು ಆಗಲೇ ಕೊಂಡಿಟ್ಟಿದ್ದಾನೆ, ನಿಮ್ಮ ತಲೆಗೆ ಕಟ್ಟಲು ನೋಡುತ್ತಿದ್ದಾನೆ. ಅಪ್ಪಿತಪ್ಪಿ ನಿಜವಾದರೆ, ನೀವೂ ಅಪರಾಧದ ಪಾಲುದಾರ. ಎರಡರಲ್ಲಿ ಯಾವುದಾದರೂ ನಿಮಗೆ ಬೇಕಾ?

ಪ್ರಶ್ನೆ: ನಾನು ಬ್ರೋಕಿಂಗ್ ಕಚೇರಿಯಲ್ಲಿ ಡೀಲರ್. ದೊಡ್ಡ ಫಂಡ್‌ನ ಆರ್ಡರ್ ಬರುವ ಮೊದಲು ಸೀನಿಯರ್ ಒಬ್ಬರು ಹೆಂಡತಿಯ ತಮ್ಮನ ಖಾತೆಯಲ್ಲಿ ಸ್ವಲ್ಪ ಕೊಳ್ಳುತ್ತಾರೆ. "ಇದು ಕಂಪನಿಯ ಸುದ್ದಿ ಅಲ್ಲವಲ್ಲ, ಇನ್‌ಸೈಡರ್ ಟ್ರೇಡಿಂಗ್ ಹೇಗಾಗುತ್ತೆ" ಅನ್ನುತ್ತಾರೆ.

ಉತ್ತರ: ಹೆಸರಿನ ಮಟ್ಟಿಗೆ ಅವರು ಹೇಳಿದ್ದು ಸರಿ. ಅದು ಫ್ರಂಟ್ ರನ್ನಿಂಗ್. ಸೆಬಿಯ 2003ರ ವಂಚಕ ವಹಿವಾಟು ತಡೆ ನಿಯಮಗಳ ಕೆಳಗೆ ಬರುತ್ತದೆ. ಬ್ರೋಕರ್ ಅಲ್ಲದವರು ಮಾಡಿದರೂ ಅದು ವಂಚನೆಯೇ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿ ಮುಗಿಸಿದೆ.

ಲೆಕ್ಕ ನೋಡಿ. ಫಂಡ್ ಐದು ಲಕ್ಷ ಷೇರು ಕೊಳ್ಳಬೇಕು, ಬೆಲೆ 200 ರೂಪಾಯಿ ಅಂತಿಟ್ಟುಕೊಳ್ಳೋಣ. ಮುಂಚೆ ನುಗ್ಗಿದವನ ಖರೀದಿಯಿಂದ ಬೆಲೆ 50 ಪೈಸೆ ಏರಿತು. ಫಂಡ್‌ಗೆ ಹೆಚ್ಚುವರಿ ಖರ್ಚು ಎರಡೂವರೆ ಲಕ್ಷ. ಅದು ಯಾರದೋ ಎಸ್‌ಐಪಿ ದುಡ್ಡು. "ಯಾರಿಗೂ ನಷ್ಟ ಇಲ್ಲ" ಅನ್ನುವ ಮಾತು ಈ ಉದ್ಯಮದಲ್ಲಿ ತುಂಬ ಕೇಳಿಬರುತ್ತೆ. ನಷ್ಟ ಸಾವಿರಾರು ಜನರ ಮೇಲೆ ಪೈಸೆ ಲೆಕ್ಕದಲ್ಲಿ ಹಂಚಿಹೋಗುವುದರಿಂದ ಯಾರೂ ಬಾಗಿಲು ತಟ್ಟುವುದಿಲ್ಲ ಅಷ್ಟೇ.

ನಿಮ್ಮ ವಿಷಯಕ್ಕೆ ಬಂದರೆ, ಟರ್ಮಿನಲ್ ನಿಮ್ಮ ಲಾಗಿನ್‌ನಲ್ಲಿ ತೆರೆದಿಟ್ಟು ಎದ್ದು ಹೋಗಬೇಡಿ. "ಆ ಆರ್ಡರ್ ಸ್ವಲ್ಪ ತಡ ಮಾಡು" ಅಂದರೆ ರೆಕಾರ್ಡ್ ಆಗುವ ಲೈನಿನಲ್ಲೇ ಹೇಳಿ ಅನ್ನಿ. ಅಷ್ಟಕ್ಕೆ ಬಹಳ ಜನ ಸುಮ್ಮನಾಗುತ್ತಾರೆ.

ಪ್ರಶ್ನೆ: ನಮ್ಮ ಕಂಪನಿಯ ಷೇರು ಮುಟ್ಟಲ್ಲ, ಪ್ರತಿಸ್ಪರ್ಧಿಯದು ಕೊಂಡರೆ?

ಉತ್ತರ: 2016ರಲ್ಲಿ ಮೆಡಿವೇಷನ್ ಕಂಪನಿಯ ಅಧಿಕಾರಿಯೊಬ್ಬರು ಇದನ್ನೇ ಮಾಡಿದರು. ಫೈಜರ್ ತಮ್ಮ ಕಂಪನಿಯನ್ನು ಕೊಳ್ಳುತ್ತಿದೆ ಅಂತ ಮೇಲ್ ಬಂದ ಕೆಲವೇ ನಿಮಿಷಕ್ಕೆ, ಅದೇ ಥರದ ಇನ್ನೊಂದು ಔಷಧ ಕಂಪನಿ ಇನ್‌ಸೈಟ್‌ನ ಆಪ್ಷನ್ (ಗೊತ್ತುಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು) ಕೊಂಡರು. 2024ರಲ್ಲಿ ಜ್ಯೂರಿ ಅವರನ್ನು ಹೊಣೆ ಮಾಡಿತು. ಭಾರತದ ನಿಯಮ ಸಂಬಂಧಪಟ್ಟ ಕಂಪನಿ, ಅದರ ಸೆಕ್ಯೂರಿಟಿ ಅಂತ ಮಾತಾಡುವುದರಿಂದ ಇಲ್ಲಿ ವಾದಕ್ಕೆ ಜಾಗ ಇದೆ. ಆದರೆ ನಿಮ್ಮ ಕಂಪನಿ ಯಾರನ್ನು ಕೊಳ್ಳುತ್ತಿದೆಯೋ, ಯಾರ ಜೊತೆ ದೊಡ್ಡ ಒಪ್ಪಂದಕ್ಕೆ ಕೂತಿದೆಯೋ ಅವರ ಷೇರಿಗೆ ಆ ವಾದ ನಡೆಯಲ್ಲ.

ಪ್ರಶ್ನೆ: ಮೇಲಿನ ಡೀಲರ್‌ಗಲ್ಲ, ನನಗೇ ಕೇಳ್ತಿದ್ದೀನಿ. ನಾನು ಆಡಿಟ್ ಸಂಸ್ಥೆಯಲ್ಲಿ ಆರ್ಟಿಕಲ್ ಕ್ಲರ್ಕ್, ಅಂದರೆ ಸಿಎ ತರಬೇತಿಯಲ್ಲಿದ್ದೀನಿ. ನಮ್ಮ ಕ್ಲೈಂಟ್ ಕಂಪನಿಯ ಫಲಿತಾಂಶ ಬರುವ ಮುಂಚೆ ಪಾರ್ಟ್‌ನರ್ ಒಬ್ಬರು ಯಾರಿಗೋ ಫೋನಲ್ಲಿ ಅಂಕಿ ಹೇಳಿದ್ದನ್ನು ಕೇಳಿಸಿಕೊಂಡೆ. ದೂರು ಕೊಟ್ಟರೆ ನನ್ನ ಗತಿ?

ಉತ್ತರ: ಮೊದಲು ಬರೆದಿಡಿ: ದಿನಾಂಕ, ಹೊತ್ತು, ಕೇಳಿದ ಮಾತು ಇದ್ದಂತೆಯೇ. ಊಹೆ ಸೇರಿಸಬೇಡಿ. ಕ್ಲೈಂಟ್‌ನ ಕಡತ ಫೋಟೊ ಹೊಡೆದು ಮನೆಗೆ ಒಯ್ಯಬೇಡಿ, ಅದರಿಂದ ಕೇಸು ನಿಮ್ಮ ಮೇಲೆಯೇ ತಿರುಗುತ್ತೆ. ಆ ಷೇರನ್ನು ನೀವೂ ಮುಟ್ಟಬೇಡಿ, ಮನೆಯವರೂ ಮುಟ್ಟಬಾರದು.

ಸೆಬಿಯಲ್ಲಿ ಮಾಹಿತಿದಾರರಿಗೆ ಪ್ರತ್ಯೇಕ ಕಚೇರಿ ಇದೆ, 2019ರ ತಿದ್ದುಪಡಿಯಿಂದ ಬಂದದ್ದು. ನಿಗದಿತ ನಮೂನೆಯಲ್ಲಿ ಸ್ವತಃ ಕೊಡಬಹುದು, ವಕೀಲರ ಮೂಲಕವೂ ಕೊಡಬಹುದು. ಗುರುತು ಗೋಪ್ಯವಾಗಿಡುತ್ತಾರೆ. ವಸೂಲಾದ ಹಣದಲ್ಲಿ ಶೇಕಡ 10ರಷ್ಟು ಬಹುಮಾನ, 2021ರಿಂದ ಅದರ ಗರಿಷ್ಠ ಮಿತಿ 10 ಕೋಟಿ ರೂಪಾಯಿ. ದೂರು ಕೊಟ್ಟರು ಅಂತ ಕೆಲಸದಿಂದ ತೆಗೆಯುವುದು, ಹಿಂಬಡ್ತಿ ಕೊಡುವುದು, ಕಿರುಕುಳ ಕೊಡುವುದು ನಿಯಮಕ್ಕೆ ವಿರುದ್ಧ. ಕಾಗದದ ಮೇಲೆ ರಕ್ಷಣೆ ಗಟ್ಟಿಯಾಗಿದೆ. ಆದರೆ ಆರ್ಟಿಕಲ್‌ಶಿಪ್ ಮುಗಿಸಲು ಆ ಪಾರ್ಟ್‌ನರ್ ಸಹಿಯೇ ಬೇಕು ಅನ್ನುವಂಥ ಇಕ್ಕಟ್ಟನ್ನು ಯಾವ ನಿಯಮವೂ ಪೂರ್ತಿ ಬಿಡಿಸುವುದಿಲ್ಲ, ಅದನ್ನು ಮುಚ್ಚಿಟ್ಟು ನಿಮಗೆ ಧೈರ್ಯ ಹೇಳಲಾರೆ. ವಕೀಲರ ಮೂಲಕ ಹೋಗಿ. ಸಂಸ್ಥೆಯಲ್ಲಿ ಆ ಪಾರ್ಟ್‌ನರ್‌ಗೆ ಸಂಬಂಧ ಇಲ್ಲದ ಹಿರಿಯರು, ನೀವು ನಂಬುವಂಥವರು ಇದ್ದರೆ ಮೊದಲು ಅವರ ಹತ್ತಿರ ಮಾತಾಡಿ.

ಮರುಪ್ರಶ್ನೆ: ಸುಮ್ಮನಿದ್ದುಬಿಟ್ಟರೆ ನನಗೂ ಶಿಕ್ಷೆ ಆಗುತ್ತಾ?

ಉತ್ತರ: ಕೇಳಿಸಿಕೊಂಡು ಸುಮ್ಮನಿದ್ದೀರಿ, ವಹಿವಾಟು ಮಾಡಿಲ್ಲ, ಯಾರಿಗೂ ದಾಟಿಸಿಲ್ಲ ಅಂದರೆ ಇನ್‌ಸೈಡರ್ ಟ್ರೇಡಿಂಗ್ ನಿಯಮ ನಿಮ್ಮನ್ನು ಹಿಡಿಯುವುದಿಲ್ಲ. ನಾಳೆ ತನಿಖಾಧಿಕಾರಿ ಕರೆಸಿ ಕೇಳಿದರೆ ಮಾತ್ರ ಸುಳ್ಳು ಹೇಳುವಂತಿಲ್ಲ. ಬರೆದಿಡಿ ಅಂದದ್ದು ಅದಕ್ಕೂ ಸೇರಿಸಿಯೇ. ವಕೀಲರನ್ನು ಕಾಣುವಾಗ ಆ ಹಾಳೆ ತೆಗೆದುಕೊಂಡು ಹೋಗಿ, ಹೋಗುವ ಮುನ್ನ ನನಗೆ ಇನ್‌ಬಾಕ್ಸ್‌ನಲ್ಲಿ ಏನೂ ಕಳಿಸಬೇಡಿ.